ಪೆಟ್ಟು ತಿಂದ ತಲೆಯನ್ನೇ ಸಾಕ್ಷಿಗೆ ಕರೆದರೆ

ಅಕ್ಟೋಬರ್ ಕೊನೆಯ ಒಂದು ಸಂಜೆ. ಮ್ಯಾಸಚೂಸೆಟ್ಸ್‌ನ ಸಣ್ಣ ಊರೊಂದರಲ್ಲಿ ಅಕ್ಕನ ಮನೆಯಲ್ಲಿದ್ದೆ. ಅವಳ ಮಗ ಹೈಸ್ಕೂಲಿನ ಸಾಕರ್ ಪಂದ್ಯ ಮುಗಿಸಿ ಬಂದು ಊಟಕ್ಕೆ ಕೂತ. ಚಪಾತಿ ಮುರಿಯುತ್ತಾ, 'ಅಮ್ಮ, ಆ ಲೈಟ್ ಆರ್ಸು' ಅಂದ. ಅಕ್ಕ ಆರಿಸಿದಳು. ಹತ್ತು ನಿಮಿಷ ಕಳೆದಿರಬೇಕು, ಆರಿದ್ದ ಅದೇ ದೀಪವನ್ನು ಆರಿಸು ಅಂತ ಮತ್ತೆ ಹೇಳಿದ. ನಾವಿಬ್ಬರೂ ಮುಖ ಮುಖ ನೋಡಿಕೊಳ್ಳುವಷ್ಟರಲ್ಲಿ ಫೋನ್ ಬಂತು. ಅವನ ತಂಡದ ಗೆಳೆಯನ ತಾಯಿ. ಚೆಂಡಿಗೆಂದು ಎಗರಿದಾಗ ಎದುರು ತಂಡದವನ ತಲೆ ಇವನ ಹಣೆಗೆ ಬಡಿದಿತ್ತಂತೆ. ಬಿದ್ದವನು ತಕ್ಷಣ ಎದ್ದು ಆಟ ಮುಂದುವರಿಸಿದನಂತೆ. ಬಸ್ಸಿನಲ್ಲಿ ಬರುವಾಗ ಮಾತ್ರ ಸ್ಕೋರ್ ಎಷ್ಟಾಯಿತು ಅಂತ ಮೂರು ಸಲ ಕೇಳಿದನಂತೆ. ಗೆಳೆಯನಿಗೆ ದಿಗಿಲಾಗಿ ತಾಯಿಗೆ ಹೇಳಿದ್ದ.

ಈ ಹುಡುಗನಿಗೆ ಕನ್‌ಕಷನ್, ಅಂದರೆ ಪೆಟ್ಟಿಗೆ ಮಿದುಳು ಅಲುಗಿ ಆಗುವ ಗಾಯ, ಏನೆಂದು ಗೊತ್ತಿರಲಿಲ್ಲವೆ? ಬಾಯಿಪಾಠವೇ ಇತ್ತು. ಆ ರಾಜ್ಯದ 2010ರ ಕಾನೂನಿನ ಪ್ರಕಾರ ಆಟಗಾರರೂ ಹೆತ್ತವರೂ ಪ್ರತಿವರ್ಷ ತಲೆಪೆಟ್ಟಿನ ತರಬೇತಿ ಮುಗಿಸಬೇಕು. ಅಕ್ಕ, ಮಗ ಇಬ್ಬರೂ ವಿಡಿಯೊ ನೋಡಿ ಸಹಿ ಹಾಕಿದ್ದರು. ತಲೆನೋವು, ವಾಕರಿಕೆ, ಬೆಳಕು ತಡೆಯಲಾಗದಿರುವುದು, ಮರೆವು ಎಂಬ ಲಕ್ಷಣಗಳ ಪಟ್ಟಿ ಫ್ರಿಜ್ಜಿನ ಬಾಗಿಲ ಮೇಲೆ ಮ್ಯಾಗ್ನೆಟ್ಟಿನ ಕೆಳಗೇ ಇತ್ತು. ವಾರ ಬಿಟ್ಟು ಅವನನ್ನು ಕೇಳಿದೆ, 'ಎಲ್ಲಾ ಗೊತ್ತಿತ್ತಲ್ಲೋ, ಯಾಕೆ ಹೇಳ್ಲಿಲ್ಲ?' ಅವನು ಸುಳ್ಳು ಹೇಳಲಿಲ್ಲ. 'ನಂಗೆ ಏನೋ ಆಗಿದೆ ಅಂತ ನಂಗೇ ಗೊತ್ತಾಗ್ಲಿಲ್ಲ ಮಾಮ' ಅಂದ.

ಬಾಸ್ಟನ್ನಿನ ಕನ್‌ಕಷನ್ ಲೆಗಸಿ ಫೌಂಡೇಶನ್ ಎಂಬ ಹೆಸರಿನಿಂದ ಪ್ರಸಿದ್ಧವಾದ ಸೇವಾ ಸಂಸ್ಥೆಯ ಕೆಲಸವನ್ನು ನಾನು ಈ ಮಾತಿನಿಂದಲೇ ಅಳೆಯಲು ಹೊರಟಿದ್ದೇನೆ. ತಲೆಪೆಟ್ಟಿನ ಶಿಕ್ಷಣ, ರೋಗಿಗಳ ಪರ ದನಿ ಎಂದರೆ ಅಮೆರಿಕದಲ್ಲಿ ಮೊದಲು ನೆನಪಾಗುವ ಹೆಸರುಗಳಲ್ಲಿ ಅದೂ ಒಂದು. 2007ರಲ್ಲಿ ಸ್ಪೋರ್ಟ್ಸ್ ಲೆಗಸಿ ಇನ್‌ಸ್ಟಿಟ್ಯೂಟ್ ಎಂಬ ಹೆಸರಿನಲ್ಲಿ ಅದನ್ನು ಕಟ್ಟಿದವರು ಕ್ರಿಸ್ ನೊವಿನ್‌ಸ್ಕಿ ಮತ್ತು ನರಶಸ್ತ್ರಚಿಕಿತ್ಸಕ ರಾಬರ್ಟ್ ಕ್ಯಾಂಟು. ನೊವಿನ್‌ಸ್ಕಿ ಹಾರ್ವರ್ಡ್‌ನಲ್ಲಿ ಅಮೆರಿಕನ್ ಫುಟ್‌ಬಾಲ್ ಆಡಿ, ಆಮೇಲೆ ಡಬ್ಲ್ಯೂಡಬ್ಲ್ಯೂಇ ಕುಸ್ತಿಯ ಅಖಾಡಕ್ಕಿಳಿದವರು. 2003ರಲ್ಲಿ ಗದ್ದಕ್ಕೆ ಬಿದ್ದ ಒದೆತವೊಂದು ಅವರ ಕುಸ್ತಿಯನ್ನು ಮುಗಿಸಿತು. ಪೆಟ್ಟು ಬಿದ್ದ ಮೇಲೂ ವಾರಗಟ್ಟಲೆ ಮುಚ್ಚಿಟ್ಟುಕೊಂಡು ಅಖಾಡಕ್ಕೆ ಇಳಿಯುತ್ತಲೇ ಇದ್ದರು. ಕೊನೆಗೆ ಕ್ಯಾಂಟು ಅವರ ಮುಂದೆ ಕೂತಾಗ, ಕನ್‌ಕಷನ್ ಅಂದರೆ ನಿಜಕ್ಕೂ ಏನು ಎಂದು ವೈದ್ಯರು ಬಿಡಿಸಿ ಹೇಳಿದರು. ಆಮೇಲಷ್ಟೇ ಹಳೆಯ ಪೆಟ್ಟುಗಳು ಒಂದೊಂದಾಗಿ ನೆನಪಿಗೆ ಬಂದವು. ತಲೆ ಗಿರ್ ಅಂದದ್ದು, ಹಗಲಲ್ಲೇ ನಕ್ಷತ್ರ ಕಂಡದ್ದು, ಆಟದ ನಡುವೆ ಎಲ್ಲಿದ್ದೇನೆಂದು ಮರೆತದ್ದು. ಅಷ್ಟು ವರ್ಷ ಅವನ್ನು ಅವರು ಗಾಯವೆಂದು ಎಣಿಸಿಯೇ ಇರಲಿಲ್ಲ. ಸಂಸ್ಥೆಯ ಬೇರಿರುವುದು ಈ ಅನುಭವದಲ್ಲಿ, ಅದಕ್ಕೇ ಅದರ ಮೇಲೆ ನನಗೆ ಗೌರವ.

ಪೆಟ್ಟು ಬಿದ್ದಾಗ ತಲೆಯೊಳಗೆ ಆಗುವುದೇನು? ತಿಪಟೂರಿನ ಕಡೆಯವರಿಗೆ ಗಿಟುಕು ಕೊಬ್ಬರಿ ಗೊತ್ತು. ಒಣಗಿದ ಕಾಯನ್ನು ಅಲ್ಲಾಡಿಸಿದರೆ ಚಿಪ್ಪಿನೊಳಗೆ ಕೊಬ್ಬರಿ ಗುಡುಗುಡು ಎನ್ನುತ್ತದೆ. ಮಿದುಳು ಅಷ್ಟು ಸಡಿಲವಾಗಿಲ್ಲ, ದ್ರವದಲ್ಲಿ ತೇಲುತ್ತಿರುತ್ತದೆ. ಆದರೂ ತಲೆ ಗಕ್ಕನೆ ತಿರುಗಿದಾಗ ಮೆತ್ತನೆಯ ಆ ಅಂಗ ಹಿಂಡಿ ಜಗ್ಗಿದಂತಾಗುತ್ತದೆ, ಎಳೆಗಳು ಸೆಳೆದುಕೊಳ್ಳುತ್ತವೆ, ಜೀವಕೋಶಗಳ ಕೆಲಸ ಏರುಪೇರಾಗುತ್ತದೆ. ರಕ್ತಸ್ರಾವ ಇಲ್ಲ, ಬಿರುಕಿಲ್ಲ. ಆದ್ದರಿಂದ ಸಿಟಿ ಸ್ಕ್ಯಾನಿನಲ್ಲಿ ಸಾಮಾನ್ಯವಾಗಿ ಏನೂ ಕಾಣುವುದಿಲ್ಲ. ಕಾಲು ಮುರಿದರೆ ಬ್ಯಾಂಡೇಜ್ ಕಾಣುತ್ತದೆ, ಈ ಗಾಯಕ್ಕೆ ಬಹಳ ಸಲ ರೋಗಿಯ ಮಾತು ಬಿಟ್ಟರೆ ಬೇರೆ ಗುರುತು ಸಿಗುವುದಿಲ್ಲ. ಆ ಮಾತು ಹೊರಡಬೇಕಾದದ್ದೂ ಪೆಟ್ಟು ತಿಂದ ಮಿದುಳಿನಿಂದಲೇ.

ತಲೆಪೆಟ್ಟಿನ ಶಿಕ್ಷಣದ ಮೊದಲ ದೋಷ ಇಲ್ಲಿದೆ. ಆ ಶಿಕ್ಷಣ ಕಾನೂನಾದ ಕತೆ ಹೀಗಿದೆ. ವಾಷಿಂಗ್ಟನ್ ರಾಜ್ಯದ ಜ್ಯಾಕರಿ ಲಿಸ್ಟೆಡ್ ಎಂಬ 13 ವರ್ಷದ ಹುಡುಗ 2006ರಲ್ಲಿ ತಲೆಗೆ ಪೆಟ್ಟು ಬಿದ್ದ ಮೇಲೂ ಮೈದಾನಕ್ಕೆ ಮರಳಿ, ಆಟ ಮುಗಿದೊಡನೆ ಕುಸಿದುಬಿದ್ದ. 2009ರಲ್ಲಿ ಅವನ ಹೆಸರಿನ ಕಾನೂನು ಬಂತು. 2014ರ ಹೊತ್ತಿಗೆ ಅಮೆರಿಕದ 50 ರಾಜ್ಯಗಳಲ್ಲೂ ಇಂಥ ಕಾನೂನುಗಳಿದ್ದವು. ಅನುಮಾನ ಬಂದರೆ ಹೊರಗೆ ಕೂರಿಸು, ವೈದ್ಯರು ಬರೆದುಕೊಡುವ ತನಕ ಮರಳಿ ಸೇರಿಸಬೇಡ ಎಂಬ ಎರಡು ಕಲಮುಗಳು ಗಟ್ಟಿಯಾದವು. ಮೂರನೆಯದು ಮಾಹಿತಿ ಪತ್ರ ಓದಿ ಸಹಿ ಹಾಕುವುದು. ಅತಿ ಸುಲಭವಾದದ್ದು ಇದು, ಹಾಗಾಗಿ ಇದೇ ಎಲ್ಲೆಡೆ ಹಬ್ಬಿತು. ಕಾಲೇಜು ಐಸ್ ಹಾಕಿ ತಂಡಗಳ ಕಡ್ಡಾಯ ಪಾಠದ ಬಗ್ಗೆ 2014ರಲ್ಲಿ ಬಂದ ಒಂದು ಅಧ್ಯಯನ, ಆ ಪಾಠ ಹುಡುಗರ ತಿಳಿವಳಿಕೆಯಲ್ಲೂ ನಡತೆಯಲ್ಲೂ ಹೇಳಿಕೊಳ್ಳುವಂಥ ಬದಲಾವಣೆ ತರಲಿಲ್ಲ ಎಂದಿತು. ನನಗೆ ಆಶ್ಚರ್ಯವಾಗಲಿಲ್ಲ. ಫ್ರಿಜ್ಜಿನ ಬಾಗಿಲು ನೋಡಿದವನು ನಾನು.

ಲೆಗಸಿ ಫೌಂಡೇಶನ್ ಈ ದೋಷವನ್ನು ಗುರುತಿಸಿತು. ಅದರ 'ಟೀಮ್ ಅಪ್ ಸ್ಪೀಕ್ ಅಪ್' ಕಾರ್ಯಕ್ರಮದಲ್ಲಿ ಕೋಚ್ ತಂಡವನ್ನು ಸುತ್ತ ಕೂರಿಸಿಕೊಂಡು ಹೇಳಬೇಕಾದ ಮಾತು ಬಲು ಚಿಕ್ಕದು: ಗೆಳೆಯನಿಗೆ ಪೆಟ್ಟಾಗಿದೆ ಅನ್ನಿಸಿದರೆ ನೀನು ಹೇಳು, ಅವನು ಹೇಳಲಾರ. ಜವಾಬ್ದಾರಿ ಗಾಯಾಳುವಿನ ಹೆಗಲಿನಿಂದ ಪಕ್ಕದವನ ಹೆಗಲಿಗೆ ಜಾರುತ್ತದೆ. ಚಾಡಿ ಹೇಳುವುದು ಎಂದು ಹುಡುಗರು ನಾಚುವ ಕೆಲಸವನ್ನು ತಂಡದ ಕರ್ತವ್ಯ ಎಂದು ತಿರುಗಿಸಿ ಹೇಳಿದ್ದು ಸಣ್ಣ ಸಾಧನೆಯಲ್ಲ. 2022ರ ಸೆಪ್ಟೆಂಬರಿನಲ್ಲಿ ಮಯಾಮಿ ಫುಟ್‌ಬಾಲ್ ತಂಡದ ಟುವಾ ಟಾಗೊವೈಲೊವಾ ತಲೆ ನೆಲಕ್ಕೆ ಬಡಿದು, ಎದ್ದು, ಕಾಲು ತಡವರಿಸಿದ್ದನ್ನು ಟಿವಿಯಲ್ಲಿ ಜಗತ್ತೇ ನೋಡಿತು. ಆದರೂ ಅದೇ ಪಂದ್ಯಕ್ಕೆ ಅವನು ಮರಳಿದ. ನಾಲ್ಕೇ ದಿನಕ್ಕೆ ಇನ್ನೊಂದು ಪಂದ್ಯವಿತ್ತು. ಅವನನ್ನು ಇಳಿಸಬೇಡಿ ಎಂದು ನೊವಿನ್‌ಸ್ಕಿ ಆಟಕ್ಕೆ ಮೊದಲೇ ಬಹಿರಂಗವಾಗಿ ಎಚ್ಚರಿಸಿದ್ದರು. ಇಳಿಸಿದರು. ಅಂದು ರಾತ್ರಿ ಟುವಾ ಬೆರಳುಗಳು ಸೆಟೆದುಕೊಂಡು ಮೈದಾನದಲ್ಲಿ ಮಲಗಿದ್ದ. ತಡವರಿಸುವ ಆಟಗಾರ ಆ ಪಂದ್ಯಕ್ಕೆ ಮರಳುವಂತಿಲ್ಲ ಎಂದು ನಿಯಮ ಬದಲಾದದ್ದು ಆಮೇಲೆ, ಅಕ್ಟೋಬರಿನಲ್ಲಿ. ಪಕ್ಕದವನು ಹೇಳುವುದು ಮಾತ್ರವಲ್ಲ, ಕೇಳಬೇಕಾದವರು ಕೇಳುವಂತೆ ಮಾಡುವುದೂ ಇದೇ ಕೆಲಸದ ಭಾಗ.

ಇಷ್ಟಾದರೂ ಸಂಸ್ಥೆಯ ಆ ಹೆಸರಿನೊಳಗೇ ಒಂದು ತೊಡಕಿತ್ತು. ಅದಕ್ಕೆ ಲೋಕಪ್ರಸಿದ್ಧಿ ತಂದದ್ದು ಕನ್‌ಕಷನ್ ಅಲ್ಲ, ಸಿಟಿಇ. ಪದೇಪದೇ ಪೆಟ್ಟು ತಿಂದ ಮಿದುಳಿನಲ್ಲಿ ಟೌ ಎಂಬ ಪ್ರೋಟೀನು ಗಂಟುಗಟ್ಟಿ, ವರ್ಷಗಳ ನಂತರ ನೆನಪನ್ನೂ ಸ್ವಭಾವವನ್ನೂ ಕೆಡಿಸುವ ಕಾಯಿಲೆ. 2006ರಲ್ಲಿ ಆಂಡ್ರೆ ವಾಟರ್ಸ್ ಎಂಬ ಮಾಜಿ ಫುಟ್‌ಬಾಲ್ ಆಟಗಾರ ಪ್ರಾಣ ಕಳೆದುಕೊಂಡಾಗ ನೊವಿನ್‌ಸ್ಕಿ ಆ ಮನೆಯವರಿಗೆ ಫೋನ್ ಮಾಡಿ, ಮಿದುಳನ್ನು ಪರೀಕ್ಷೆಗೆ ಕೊಡುವಿರಾ ಎಂದು ಕೇಳಿದರು. ಶೋಕದ ಮನೆಯವರನ್ನು ಆ ಮಾತು ಕೇಳಲು ಎಂಥ ಎದೆ ಬೇಕು! ಡಾ. ಬೆನೆಟ್ ಒಮಾಲು ಪರೀಕ್ಷಿಸಿದರು, 2007ರ ಜನವರಿಯಲ್ಲಿ ಸುದ್ದಿ ಪತ್ರಿಕೆಯ ಮುಖಪುಟಕ್ಕೆ ಬಂತು. ಮರುವರ್ಷ ಬಾಸ್ಟನ್ ವಿಶ್ವವಿದ್ಯಾಲಯದ ಜೊತೆ ಸೇರಿ ಕಟ್ಟಿದ ಮಿದುಳು ಬ್ಯಾಂಕಿನಲ್ಲಿ ಇಂದು ಸಾವಿರಕ್ಕೂ ಹೆಚ್ಚು ಮಿದುಳುಗಳಿವೆ. ಆ ಕೆಲಸದ ಮುಂಚೂಣಿಯಲ್ಲಿರುವವರು ಡಾ. ಆನ್ ಮಕ್ಕೀ.

ಈ ಕಾಯಿಲೆ ಕನ್‌ಕಷನ್ನುಗಳ ಲೆಕ್ಕಕ್ಕಿಂತ ಹೆಚ್ಚಾಗಿ ಎಷ್ಟು ವರ್ಷ, ಎಷ್ಟು ಬಲವಾಗಿ ತಲೆಗೆ ಪೆಟ್ಟು ಬಿತ್ತು ಎನ್ನುವುದಕ್ಕೆ ತಳುಕು ಹಾಕಿಕೊಂಡಿದೆ ಎಂದು ಆ ಬ್ಯಾಂಕಿನ ಅಧ್ಯಯನಗಳೇ ತೋರಿಸಿವೆ. ಲಕ್ಷಣವೇ ಕಾಣದ ಸಾವಿರಾರು ಸಣ್ಣ ಪೆಟ್ಟುಗಳೂ ಅದರಲ್ಲಿ ಸೇರುತ್ತವೆ. ಹಾಗಿದ್ದ ಮೇಲೆ ಲಕ್ಷಣಗಳ ಪಟ್ಟಿ ಕಲಿಸಿ ಏನು ಫಲ? ಈ ಪ್ರಶ್ನೆಗೆ ಸಂಸ್ಥೆ ಕೊಟ್ಟ ಉತ್ತರ ಅದರ ಅತ್ಯುತ್ತಮ ಕೆಲಸಗಳಲ್ಲೊಂದು ಎಂದು ನನ್ನ ತೀರ್ಪು. 2014ರಲ್ಲಿ ಸಾಕರ್ ತಾರೆ ಬ್ರ್ಯಾಂಡಿ ಚಸ್ಟೇನ್ ಜೊತೆ ಸೇರಿ, ಚಿಕ್ಕ ಮಕ್ಕಳು ಸಾಕರ್ ಚೆಂಡಿಗೆ ತಲೆ ಕೊಡುವುದು ಬೇಡ ಎಂದಿತು. ಹೆತ್ತವರು ಹೂಡಿದ್ದ ಮೊಕದ್ದಮೆಯೊಂದರ ರಾಜಿಯ ಫಲವಾಗಿ 2015ರಲ್ಲಿ ಅಮೆರಿಕದ ಸಾಕರ್ ಸಂಸ್ಥೆ 10 ವರ್ಷ ಮತ್ತು ಅದಕ್ಕಿಂತ ಚಿಕ್ಕವರಿಗೆ ಅದನ್ನು ನಿಷೇಧಿಸಿತು. 2018ರಲ್ಲಿ, 14 ತುಂಬುವ ತನಕ ಮಕ್ಕಳಿಗೆ ಟ್ಯಾಕಲ್ ಬೇಡ, ಸೊಂಟದ ಪಟ್ಟಿ ಕಿತ್ತುಕೊಳ್ಳುವ ಫ್ಲ್ಯಾಗ್ ಫುಟ್‌ಬಾಲ್ ಸಾಕು ಎಂಬ ಚಳವಳಿ ಶುರುವಾಯಿತು. ಅದಕ್ಕೆ ದನಿ ಕೊಟ್ಟವರಲ್ಲಿ ನಿಕ್ ಬುನಿಕಾಂಟಿಯಂಥ ಹಳೆಯ ತಾರೆಗಳಿದ್ದರು. ಶಾಸನಸಭೆಗಳಲ್ಲಿ ಇದಕ್ಕೆ ಜಯ ಸಿಕ್ಕಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಇಂಥದ್ದೇ ಒಂದು ಮಸೂದೆ ಬಂದಾಗ ಸಹಿ ಹಾಕುವುದಿಲ್ಲ ಎಂದು ಗವರ್ನರ್ 2024ರಲ್ಲಿ ಹೇಳಿಬಿಟ್ಟರು. ಆದರೂ ಇದು ಸರಿಯಾದ ದಾರಿ. ಮಗುವಿಗೆ ಬುದ್ಧಿ ಹೇಳುವ ಬದಲು ಆಟವನ್ನೇ ತಿದ್ದುವ ದಾರಿ ಇದು.

ಮಿದುಳು ಬ್ಯಾಂಕಿನ ಸುದ್ದಿ ಜನರಿಗೆ ಮುಟ್ಟಿದ ರೀತಿಯ ಬಗ್ಗೆ ನನ್ನ ತಕರಾರಿದೆ. 2017ರಲ್ಲಿ, ವೃತ್ತಿಪರ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನಲ್ಲಿ ಆಡಿದ್ದ 111 ಮಂದಿಯ ಮಿದುಳುಗಳಲ್ಲಿ 110ರಲ್ಲಿ ಸಿಟಿಇ ಸಿಕ್ಕಿತು. ಮಿದುಳು ದಾನ ಮಾಡುವುದು ಬಹುಮಟ್ಟಿಗೆ ಅದಾಗಲೇ ಏನೋ ಕೆಟ್ಟಿದೆ ಎಂದು ಕಂಡ ಮನೆಯವರು. ಹಾಗಾಗಿ ಎಲ್ಲ ಆಟಗಾರರಲ್ಲಿ ಶೇಕಡಾ 99 ಎಂದು ಓದುವಂತಿಲ್ಲ. ಸಂಶೋಧಕರೇ ಇದನ್ನು ಬರೆದಿದ್ದಾರೆ. ಆದರೆ ಜನರ ತಲೆಯಲ್ಲಿ ಉಳಿದದ್ದು 99 ಮಾತ್ರ. 2019ರಲ್ಲಿ ಹಲವು ದೇಶಗಳ ತಜ್ಞರು ಲ್ಯಾನ್ಸೆಟ್ ನ್ಯೂರಾಲಜಿ ಪತ್ರಿಕೆಯಲ್ಲಿ ಸಮತೋಲ ಬೇಕೆಂದು ಕೇಳಿಕೊಂಡದ್ದು ಇದಕ್ಕೇ. ಜೀವಂತ ಇರುವಾಗ ಈ ಕಾಯಿಲೆಯನ್ನು ಖಚಿತಪಡಿಸುವ ಪರೀಕ್ಷೆ ಇನ್ನೂ ಇಲ್ಲ. ಹೀಗಿರುವಾಗ, ನಿದ್ದೆಗೆಟ್ಟು, ಖಿನ್ನತೆಯಲ್ಲಿ ತೊಳಲುವ 40ರ ಮಾಜಿ ಆಟಗಾರನೊಬ್ಬ ಆ ಶೇಕಡಾವಾರು ಓದಿದರೆ ತನ್ನ ಹಣೆಬರಹ ಮುಗಿಯಿತೆಂದು ಕೂರುತ್ತಾನೆ. ನಿದ್ರಾಹೀನತೆಗೆ ಮದ್ದಿದೆ, ಖಿನ್ನತೆಗೆ ಮದ್ದಿದೆ, ತಲೆನೋವಿಗೂ ಇದೆ. ಭಯ ಆ ಮದ್ದಿನ ಬಾಗಿಲನ್ನೇ ಮುಚ್ಚಿಬಿಡುತ್ತದೆ.

ಅದೇ ಸಂಸ್ಥೆಯ ಸಹಾಯವಾಣಿ ಈ ಬಾಗಿಲನ್ನು ತೆರೆದಿಡುವ ಕೆಲಸ ಮಾಡುತ್ತಿದೆ, ಆದರೆ ಅದಕ್ಕೆ ಸಿಗುವ ಪ್ರಚಾರ ಬ್ಯಾಂಕಿಗೆ ಸಿಕ್ಕದ್ದರ ಒಂದು ಪಾಲೂ ಅಲ್ಲ. ವಾರಗಳಾದರೂ ತಲೆ ತಿಳಿಯಾಗದ ವಿದ್ಯಾರ್ಥಿ, ಗಂಡನ ಸಿಟ್ಟಿಗೆ ಕಾರಣ ತಿಳಿಯದ ಹೆಂಡತಿ ಅಲ್ಲಿಗೆ ಬರೆಯುತ್ತಾರೆ. ಹತ್ತಿರದಲ್ಲಿ ಯಾವ ವೈದ್ಯರಿದ್ದಾರೆ, ಇದೇ ಕಷ್ಟ ದಾಟಿ ಬಂದವರು ಯಾರು ಮಾತಿಗೆ ಸಿಗುತ್ತಾರೆ ಎಂದು ತಿಳಿಸಿ ಕೈಹಿಡಿದು ನಡೆಸುವ ಕೆಲಸ ಅದು. ಈ ಮಾಹಿತಿ ಹಳತಾಗದಂತೆ ನೋಡಿಕೊಳ್ಳುವುದೂ ಸಣ್ಣ ಕೆಲಸವಲ್ಲ. ಕತ್ತಲೆ ಕೋಣೆಯಲ್ಲಿ ವಾರಗಟ್ಟಲೆ ಮಲಗಿಸು ಎಂಬ ಸಲಹೆ ಈಗ ಬಿದ್ದುಹೋಗಿದೆ. ಮೊದಲ ಒಂದೆರಡು ದಿನ ಸುಧಾರಿಸಿಕೊಳ್ಳುತ್ತಲೇ ಮೆಲ್ಲನೆ ನಡಿಗೆಯಿಂದ ಶುರುಮಾಡು ಎಂಬುದು 2022ರ ಆಮ್‌ಸ್ಟರ್‌ಡ್ಯಾಮ್ ತಜ್ಞರ ಸಭೆಯ ಒಮ್ಮತ. ಅಕ್ಕನ ನೆರೆಯವರೊಬ್ಬರು ಕಿಟಕಿಗೆ ದಪ್ಪ ಪರದೆ ಹಾಕಲು ಹೇಳಿದ್ದರು. ಶಾಲೆಯ ಅಥ್ಲೆಟಿಕ್ ಟ್ರೇನರ್ ಬೇಡ ಅಂದರು. ಮೂರನೆಯ ದಿನ ಹುಡುಗ ಅದೇ ಗೆಳೆಯನ ಜೊತೆ ಬೀದಿಯ ತುದಿಯವರೆಗೆ ನಡೆದು ಬಂದ.

ಹಣದ ಮಾತನ್ನೂ ಆಡಬೇಕು. 2013ರಲ್ಲಿ ಡಬ್ಲ್ಯೂಡಬ್ಲ್ಯೂಇ ಈ ಸಂಸ್ಥೆಗೆ 12 ಲಕ್ಷ ಡಾಲರ್ ಘೋಷಿಸಿತು, ಅದರ ಅಧಿಕಾರಿ ಪಾಲ್ ಲೆವೆಸ್ಕ್ ಆಡಳಿತ ಮಂಡಳಿಗೂ ಬಂದರು. ತಲೆಗೆ ಪೆಟ್ಟು ಬೀಳುವ ಉದ್ಯಮವೊಂದು ತಲೆ ಕಾಯುವವರಿಗೆ ದುಡ್ಡು ಕೊಟ್ಟಾಗ ಪ್ರಶ್ನೆ ಎದ್ದೇ ಏಳುತ್ತದೆ. ಫುಟ್‌ಬಾಲಿನ ವಿಷಯದಲ್ಲಿ ಸಂಸ್ಥೆಯ ದನಿ ಕುಗ್ಗಿಲ್ಲ ಎನ್ನುವುದು ನಿಜ. ಹಾಗಿದ್ದರೂ ಇಂಥ ದುಡ್ಡಿನಿಂದ ದೂರ ಇದ್ದಿದ್ದರೆ ಅದರ ಮಾತಿಗೆ ಇನ್ನಷ್ಟು ತೂಕ ಬರುತ್ತಿತ್ತು ಎಂದೇ ನನ್ನ ಅನಿಸಿಕೆ.

ಈ ಕ್ಷೇತ್ರವಿಡೀ ಗಂಡಸರ ಮೈದಾನದ ಸುತ್ತ ಬೆಳೆದದ್ದು ಇನ್ನೊಂದು ಕೊರತೆ. ಗೋಡೆಗೆ ತಲೆ ಗುದ್ದಿಸಿಕೊಂಡ ಹೆಂಗಸಿಗೆ ಸ್ಕೋರ್ ಬೋರ್ಡೂ ಇಲ್ಲ, ಟಿವಿ ಮರುಪ್ರಸಾರವೂ ಇಲ್ಲ. ಕ್ಯಾಥರಿನ್ ಸ್ನೆಡೇಕರ್ ಕಟ್ಟಿದ ಪಿಂಕ್ ಕನ್‌ಕಷನ್ಸ್‌ನಂಥ ಚಿಕ್ಕ ಸಂಸ್ಥೆ ಮನೆಯೊಳಗಿನ ಈ ಪೆಟ್ಟುಗಳನ್ನೂ ಲೆಕ್ಕಕ್ಕೆ ತಂದಿತು. ದೊಡ್ಡವರು ಕಲಿಯಬೇಕಾದ್ದು ಅಲ್ಲಿದೆ.

ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದ ಮಿದುಳು ಬ್ಯಾಂಕಿದೆ, ಬಾಸ್ಟನ್ನಿನದಕ್ಕಿಂತ ಹಳೆಯದು. ಕ್ರಿಕೆಟ್ಟಿನಲ್ಲಿ 2019ರಿಂದ ಕನ್‌ಕಷನ್ ಬದಲಿ ಆಟಗಾರನ ನಿಯಮವಿದೆ. ಜಡೇಜ ಬದಲು ಚಹಲ್ ಬಂದದ್ದನ್ನು ನಾವೆಲ್ಲ ಟಿವಿ ಮುಂದೆ ಚರ್ಚಿಸಿದ್ದೇವೆ. ಆದರೆ ನಮ್ಮಲ್ಲಿ ತಲೆಗೆ ಪೆಟ್ಟು ಬೀಳುವುದು ಹೆಚ್ಚಾಗಿ ರಸ್ತೆಯಲ್ಲಿ. ಅಮೆರಿಕದಿಂದ ಮರಳಿದ ಮೇಲೆ ಮಂಡ್ಯದ ದೊಡ್ಡಪ್ಪನ ಮಗನ ಮನೆಗೆ ಹೋಗಿದ್ದೆ. ಅಣ್ಣ ಎರಡು ತಿಂಗಳ ಹಿಂದೆ ಬೈಕಿನಿಂದ ಬಿದ್ದಿದ್ದ. ಆಸ್ಪತ್ರೆಯವರು ಸ್ಕ್ಯಾನ್ ಮಾಡಿ, ಏನೂ ಇಲ್ಲ ಅಂತ ಅಂದೇ ಕಳಿಸಿದ್ದರು, ಒಂದು ಚೀಟಿಯನ್ನೂ ಕೊಟ್ಟಿರಲಿಲ್ಲ. ಅಂಗಡಿಯಲ್ಲಿ ಬಾಯಲ್ಲೇ ಲೆಕ್ಕ ಹಾಕುತ್ತಿದ್ದವನು ಈಗ ಎರಡೆರಡು ಸಲ ಕ್ಯಾಲ್ಕುಲೇಟರ್ ಒತ್ತುತ್ತಿದ್ದ. ಮಿಕ್ಸಿ ಸದ್ದಿಗೆ ರೇಗುತ್ತಿದ್ದ. ಸೋಮಾರಿಯಾಗಿದ್ದಾನೆ ಅಂತ ಮನೆಯಲ್ಲಿ ಮಾತು ಬಂದಿತ್ತು. ನಾನು ಅಕ್ಕನ ಮಗನ ಕತೆ ಹೇಳಿದೆ. ಅತ್ತಿಗೆ ಕೈಯಲ್ಲಿದ್ದ ಮೊರ ಕೆಳಗಿಟ್ಟಳು. 'ಅಲ್ಲ ಕಣಪ್ಪ, ಇದ್ಕೂ ಒಂದು ಹೆಸ್ರೈತಾ?' ಅಂದಳು. ಹೇಳಿದೆ. ಒಳಗಿನಿಂದ ಪೆನ್ನು ತಂದು, ಗೋಡೆಯ ಕ್ಯಾಲೆಂಡರಿನ ಹಾಳೆಯೊಂದನ್ನು ತಿರುಗಿಸಿ ಹಿಡಿದು, ದೊಡ್ಡ ಅಕ್ಷರದಲ್ಲಿ ಬರೆದುಕೊಡು ಅಂದಳು.