ನೀರು ಹರಿವ ದಿಕ್ಕು ನೋಡುತ್ತ: ತೀರ್ಥಹಳ್ಳಿ ಸುತ್ತಿನ ಸವಾರಿಗಳಿಗೊಂದು ಕೈಪಿಡಿ

ಮಲೆನಾಡಿಗೆ ಕಾರು ತರುವವರಲ್ಲಿ ಹೆಚ್ಚಿನವರು ಒಂದು ಪಟ್ಟಿ ಹಿಡಿದೇ ಬರುತ್ತಾರೆ. ಆಗುಂಬೆಯ ಸೂರ್ಯಾಸ್ತ, ಕುಪ್ಪಳಿಯ ಕವಿಮನೆ, ಸಕ್ರೆಬೈಲಿನ ಆನೆ, ಶೃಂಗೇರಿಯ ದೇವಸ್ಥಾನ. ಒಂದನ್ನು ಮುಗಿಸಿ ಇನ್ನೊಂದನ್ನು ಎಷ್ಟು ಬೇಗ ಮುಟ್ಟಬಹುದು ಎಂಬ ಲೆಕ್ಕದಲ್ಲಿ ನಡುವಿನ ರಸ್ತೆ ಬರೀ ಕಳೆಯಬೇಕಾದ ಹೊತ್ತಾಗಿಬಿಡುತ್ತದೆ. ಆದರೆ ತೀರ್ಥಹಳ್ಳಿ ಸೀಮೆಯ ಸೊಗಸು ಇರುವುದು ಆ ನಡುವಿನ ರಸ್ತೆಯಲ್ಲೇ. ಅದನ್ನು ಸವಿಯಲು ದುಡ್ಡು, ದೊಡ್ಡ ಕಾರು, ಕ್ಯಾಮೆರಾ ಯಾವುದೂ ಬೇಡ. ಒಂದು ಪ್ರಶ್ನೆ ಸಾಕು: ಇಲ್ಲಿ ಬಿದ್ದ ನೀರು ಯಾವ ಕಡೆಗೆ ಹರಿಯುತ್ತದೆ? ಪ್ರತಿ ಮೋರಿಯ ಮೇಲೆ, ಪ್ರತಿ ಏರಿನ ನೆತ್ತಿಯಲ್ಲಿ ಈ ಪ್ರಶ್ನೆ ಕೇಳಿಕೊಳ್ಳುತ್ತ ಹೋದವರಿಗೆ ಈ ನಾಡು ತಾನಾಗಿ ಅರ್ಥವಾಗುತ್ತ ಹೋಗುತ್ತದೆ.

ಕಾರಣವಿದೆ. ಕರ್ನಾಟಕದಲ್ಲಿ ಇಷ್ಟು ಚಿಕ್ಕ ಜಾಗದಲ್ಲಿ ನೀರು ಇಷ್ಟು ಬೇರೆ ಬೇರೆ ದಿಕ್ಕು ಹಿಡಿಯುವ ತಾಣಗಳು ಕಡಿಮೆ. ಗಂಗಾಮೂಲದಲ್ಲಿ ಹುಟ್ಟಿದ ತುಂಗೆ ಶೃಂಗೇರಿಯನ್ನು ಹಾದು ತೀರ್ಥಹಳ್ಳಿಗೆ ಬಂದು, ಮುಂದೆ ಕೂಡ್ಲಿಯಲ್ಲಿ ಭದ್ರೆಯ ಜೊತೆ ಸೇರಿ, ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿಗೆ ಹೋಗುತ್ತಾಳೆ. ಇದೇ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ವಾಯವ್ಯಕ್ಕೆ ಹರಿದು, ಜೋಗದಲ್ಲಿ ಧುಮುಕಿ, ಹೊನ್ನಾವರದಲ್ಲಿ ಅರಬ್ಬಿ ಸಮುದ್ರ ಸೇರುತ್ತಾಳೆ. ಸೀತಾ, ವಾರಾಹಿ ಘಟ್ಟದ ಅಂಚಿನಿಂದ ನೇರ ಪಡುವಣಕ್ಕೆ ಇಳಿಯುತ್ತವೆ. ತೀರ್ಥಹಳ್ಳಿಯಲ್ಲಿ ಬೆಳಿಗ್ಗೆ ಕಾಫಿ ಕುಡಿದು ಹೊರಟವರು ಸಂಜೆಯೊಳಗೆ ಈ ನೀರುಗಳ ಗಡಿಗಳನ್ನೆಲ್ಲ ದಾಟಿ ಬರಬಹುದು.

ಮೊದಲು ಕಣ್ಣು ಪಳಗಬೇಕು. ಇಲ್ಲಿನ ಯಾವ ಕಣಿವೆಯನ್ನಾದರೂ ಮೇಲಿನಿಂದ ಕೆಳಕ್ಕೆ ನೋಡಿ. ನೆತ್ತಿಯಲ್ಲಿ ಕಾಡು. ಅದರ ಕೆಳಗೆ ಕೊಂಬೆ ಕಡಿದು ಬೋಳಾದಂತೆ ಕಾಣುವ ಮರಗಳ ಸೊಪ್ಪಿನಬೆಟ್ಟ. ಅದರ ಬುಡದಲ್ಲಿ ಹೆಂಚಿನ ಮನೆ, ಅಂಗಳ, ಕೊಟ್ಟಿಗೆ. ಇನ್ನೂ ಕೆಳಗೆ ಅಡಿಕೆ ತೋಟ, ತೀರಾ ತಗ್ಗಿನಲ್ಲಿ ಗದ್ದೆ, ಗದ್ದೆಯ ಅಂಚಿಗೆ ಹಳ್ಳ, ಹಳ್ಳಕ್ಕೊಂದು ಸಂಕ. ಕೆಲವೆಡೆ ಗದ್ದೆ ಹೋಗಿ ಅಲ್ಲೂ ತೋಟವೇ ಎದ್ದಿದೆ, ಆದರೂ ಈ ಜೋಡಣೆ ಇನ್ನೂ ಗುರುತು ಸಿಗುತ್ತದೆ. ಇದು ಯಾರೋ ಚೆಂದಕ್ಕೆಂದು ಮಾಡಿದ್ದಲ್ಲ. ಮೇಲಿನ ಕಾಡು ಮಳೆನೀರನ್ನು ಹಿಡಿದಿಟ್ಟು ನಿಧಾನಕ್ಕೆ ಬಿಡುತ್ತದೆ. ಬೆಟ್ಟದ ಸೊಪ್ಪು ಕೊಟ್ಟಿಗೆಗೆ ಬಂದು, ಗೊಬ್ಬರವಾಗಿ ತೋಟಕ್ಕಿಳಿಯುತ್ತದೆ. ಪಡುವಣದ ಬಿಸಿಲು ಕಾಂಡಕ್ಕೆ ಬಡಿದರೆ ಅಡಿಕೆ ಮರ ಸುಡುತ್ತದೆ. ಆದ್ದರಿಂದ ಅದಕ್ಕೆ ಕಣಿವೆಯ ತಂಪು, ನೆರಳು ಎರಡೂ ಬೇಕು. ಒಮ್ಮೆ ಈ ಜೋಡಣೆ ಕಣ್ಣಿಗೆ ಹತ್ತಿದರೆ ಮುಂದಿನ ತಿರುವಿನಲ್ಲಿ ಮನೆ ಎಲ್ಲಿರಬಹುದು, ತೋಟ ಎಲ್ಲಿ ಶುರುವಾಗಬಹುದು ಎಂದು ಮೊದಲೇ ಊಹಿಸಬಹುದು. ಊಹೆ ನಿಜವಾದಾಗ ಆಗುವ ಖುಷಿಯೇ ಬೇರೆ.

ಇದಕ್ಕೆ ವೇಗ ತಗ್ಗಬೇಕು. ಒಳರಸ್ತೆಗಳಲ್ಲಿ ಗಂಟೆಗೆ 30 ಕಿ.ಮೀ. ಧಾರಾಳವಾಯಿತು. ಎ.ಸಿ. ಆರಿಸಿ, ಗಾಜು ಇಳಿಸಿ, ಹಾಡು ನಿಲ್ಲಿಸಿ. ಡಿಸೆಂಬರಿನ ಹೊತ್ತಿಗೆ ಬಂದರೆ ಅಡಿಕೆ ಬೇಯಿಸುವ ಹಂಡೆಗಳಿಂದ ಚೊಗರಿನ ಒಗರು ವಾಸನೆ ರಸ್ತೆಯವರೆಗೂ ಬರುತ್ತದೆ. ಅಂಗಳದ ಚಪ್ಪರದ ಮೇಲೆ ಕೆಂಪಡಿಕೆ ಒಣಗುತ್ತಿರುತ್ತದೆ, ರಾತ್ರಿ ಸುಲಿಯುವವರ ಮಾತು ಕೇಳುತ್ತದೆ. ಅಕ್ಟೋಬರಿನಲ್ಲಿ ಭೂಮಿ ಹುಣ್ಣಿಮೆಯ ಆಸುಪಾಸು ಬಂದರೆ ಗದ್ದೆಯಲ್ಲಿ ಭತ್ತ ಹೊಡೆಯೊಡೆದಿರುತ್ತದೆ. ಹಬ್ಬದ ದಿನ ನಸುಕಿನಲ್ಲೇ ಮನೆಯವರು ಚಿತ್ತಾರದ ಬುಟ್ಟಿ ಹೊತ್ತು ಗದ್ದೆಗೆ ಹೋಗಿ ಭೂಮಿತಾಯಿಗೆ ಎಡೆಯಿಡುತ್ತಾರೆ. ಮೇ ಕೊನೆಯ ಮೊದಲ ಮಳೆಗಳ ಹೊತ್ತಿಗೆ ರಸ್ತೆಬದಿಯ ಮರಗಳಲ್ಲಿ ಸೀತಾಳೆ ದಂಡೆಯ ಹೂವು ಜೋತುಬೀಳುತ್ತದೆ. ಅದನ್ನು ನೋಡಲು ತಲೆಯೆತ್ತಬೇಕು, ಹಾಗಾಗಿ ಚಾಲಕರಲ್ಲದವರಿಗೇ ಆ ಭಾಗ್ಯ.

ಈಗ ದಾರಿಗಳು. ಒಂದೇ ದಿನವಿದ್ದರೆ ನೈಋತ್ಯದ ಆಗುಂಬೆ ರಸ್ತೆಯನ್ನೇ ಹಿಡಿಯಿರಿ. ದೂರ 30 ಕಿ.ಮೀ.ಗಿಂತ ತುಸು ಹೆಚ್ಚು, ಆದರೆ ಅದಕ್ಕೆ ಇಡೀ ದಿನ ಕೊಡಿ. ಯು.ಆರ್. ಅನಂತಮೂರ್ತಿ ಹುಟ್ಟಿದ ಮೇಳಿಗೆ ಈ ದಾರಿಯಲ್ಲಿದೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಓದಿದವರಿಗೆ ಮೇಗರವಳ್ಳಿಯ ಹೆಸರು ಬರೆದ ಫಲಕ ಕಂಡಾಗ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತದೆ. ಈ ಕಡೆಯ ಹಳ್ಳಗಳು ಮಾಲತಿ ನದಿಗಿಳಿದು, ಆಮೇಲೆ ತುಂಗೆಗೆ ಸೇರುತ್ತವೆ. ಅಂದರೆ ನೀವು ಕಡಲಿನ ಕಡೆಗೆ ಹೋಗುತ್ತಿದ್ದರೂ ಪಕ್ಕದ ನೀರು ಕಡಲಿಗೆ ಬೆನ್ನು ಹಾಕಿ ನಿಮ್ಮೆದುರಿಗೆ ಬರುತ್ತಿರುತ್ತದೆ. ಈ ವಿಚಿತ್ರವನ್ನು ನೆನಪಿಟ್ಟುಕೊಳ್ಳಿ.

ಗುಡ್ಡೇಕೇರಿಯಿಂದ ಒಳಗೆ ತಿರುಗಿದರೆ ಕುಂದಾದ್ರಿ. ರಸ್ತೆ ಕಡಿದು, ತಿರುವುಗಳು ಬಿಗಿ, ಎದುರಿಗೆ ವಾಹನ ಬಂದರೆ ಏರುವವರಿಗೆ ದಾರಿ ಬಿಡುವುದು ಮರ್ಯಾದೆ. ಇಡೀ ಬೆಟ್ಟವೇ ಒಂದು ಹೆಬ್ಬಂಡೆ. ಮೇಲೆ ಪಾರ್ಶ್ವನಾಥನ ಬಸದಿ, ಬಂಡೆಯ ಮಡಿಲಲ್ಲಿ ಮಳೆನೀರಿನ ಕೊಳ. ಜೈನ ಆಚಾರ್ಯ ಕುಂದಕುಂದರು ಇಲ್ಲಿ ತಪಸ್ಸು ಮಾಡಿದರೆಂಬ ನಂಬಿಕೆಯಿದೆ. ಬಹಳ ಜನ ಸೂರ್ಯೋದಯಕ್ಕೆ ಬಂದು ಫೋಟೊ ತೆಗೆದು ಇಳಿದುಬಿಡುತ್ತಾರೆ. ನನ್ನ ಕೇಳಿದರೆ ಎಂಟು ಗಂಟೆಯ ನಂತರವೇ ಬನ್ನಿ. ಮಂಜು ಕಣಿವೆಗಳಿಂದ ಒಂದೊಂದಾಗಿ ಏಳುತ್ತ ಹೋದಂತೆ ಕಾಡು, ಬೆಟ್ಟ, ಮನೆ, ತೋಟ, ಗದ್ದೆಯ ಆ ಜೋಡಣೆ ನೂರಾರು ಕಡೆ ಒಟ್ಟಿಗೆ ಕಾಣುತ್ತದೆ. ರಸ್ತೆಯಲ್ಲಿ ಒಂದೊಂದೇ ಕಣಿವೆಯಾಗಿ ಕಲಿತದ್ದನ್ನು ಇಲ್ಲಿ ಒಂದೇ ನೋಟದಲ್ಲಿ ಓದಿಕೊಳ್ಳಬಹುದು.

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ. ಕಡಲು ಗಾಳಿದಾರಿಯಲ್ಲಿ 50 ಕಿ.ಮೀ. ಒಳಗೇ ಇದೆ. ನೈಋತ್ಯದ ಗಾಳಿ ಹೊತ್ತು ತಂದ ಹಸಿ ಇದ್ದಕ್ಕಿದ್ದಂತೆ ಎದುರಾದ ಘಟ್ಟದ ಗೋಡೆಯನ್ನು ಹತ್ತಬೇಕು, ಹತ್ತಿದಂತೆ ತಣಿಯಬೇಕು, ತಣಿದದ್ದು ಸುರಿಯಲೇಬೇಕು. ಊರಿನ ಹಳೆಯ ಮನೆಗಳ ಕಡಿದಾದ ಇಳಿಮಾಡು, ಮುಂದೆ ಚಾಚಿದ ಜಗಲಿಯ ಸೂರು ಎಲ್ಲವೂ ಈ ಮಳೆಗೆ ಕೊಟ್ಟ ಉತ್ತರ. ಶಂಕರ್ ನಾಗ್ ‘ಮಾಲ್ಗುಡಿ ಡೇಸ್’ ಚಿತ್ರೀಕರಿಸಿದ ದೊಡ್ಡಮನೆ ಇದೇ ಬೀದಿಯಲ್ಲಿದೆ. ಅದು ಜನ ವಾಸವಿರುವ ಮನೆ, ಕೇಳದೆ ಒಳಗೆ ಹೋಗಬೇಡಿ.

ಊರು ದಾಟಿ ಘಟ್ಟದ ಅಂಚು ಮುಟ್ಟಿದಿರೋ, ಇಲ್ಲಿದೆ ಈ ಸವಾರಿಯ ತಿರುಳು. ಈವರೆಗೆ ನಿಮ್ಮೆದುರು ಬರುತ್ತಿದ್ದ ನೀರು ಇಲ್ಲಿಂದ ನಿಮ್ಮ ಜೊತೆಗೇ ಇಳಿಯತೊಡಗುತ್ತದೆ. ಅಂಚಿನ ಆಚೆ ಬಿದ್ದ ಮಳೆ ಸೀತಾನದಿಯ ಕಡೆಗಿಳಿದು ಹತ್ತಿರದ ಅರಬ್ಬಿ ಸಮುದ್ರ ಸೇರಿದರೆ, ಈಚೆ ಬಿದ್ದದ್ದು ಹಂಪಿಯ ಬಂಡೆಗಳನ್ನೂ ಕರ್ನೂಲು ಸೀಮೆಯನ್ನೂ ದಾಟಿ, ಆಂಧ್ರದ ಕರಾವಳಿ ಮುಟ್ಟುವವರೆಗೆ ಹರಿಯಬೇಕು. ಸೂರ್ಯಾಸ್ತದ ಕಟ್ಟೆಗೆ ಮುಗಿಬೀಳುವ ಜನ ಈ ಗೆರೆಯನ್ನು ಗಮನಿಸದೆ ದಾಟುವುದು ನೋಡಿದಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ. ಸೂರ್ಯ ಎಲ್ಲೆಡೆ ಮುಳುಗುತ್ತಾನೆ.

ಕಟ್ಟೆಯಿಂದಲೇ ಹಿಂತಿರುಗಬೇಡಿ. 14 ಹೇರ್‌ಪಿನ್ ತಿರುವುಗಳನ್ನು ಎರಡನೇ ಗೇರಿನಲ್ಲಿ, ಬ್ರೇಕ್ ಕಾಯಿಸದೆ ಇಳಿದು ಸೋಮೇಶ್ವರದವರೆಗೆ ಹೋಗಿ. ಸುತ್ತ ಸೋಮೇಶ್ವರ ವನ್ಯಜೀವಿಧಾಮ. ಅದೃಷ್ಟವಿದ್ದರೆ ಸಿಂಗಳೀಕ ಕಾಣಬಹುದು. ಯಾವ ಕೋತಿಗೂ ತಿನ್ನಲು ಕೊಡಬೇಡಿ, ಕೊಟ್ಟಷ್ಟೂ ಅವು ರಸ್ತೆಗಿಳಿದು ಚಕ್ರಕ್ಕೆ ಸಿಗುತ್ತವೆ. ಪ್ರತಿ ತಿರುವಿನಲ್ಲೂ ಗಾಳಿ ಒಂದಿಷ್ಟು ಬೆಚ್ಚಗಾಗುತ್ತ, ಬುಡದಲ್ಲಿ ತೆಂಗು ಕಾಣಿಸುತ್ತ, ಅಂಗಡಿ ಮುಂಗಟ್ಟಿನ ಮಾತಿನಲ್ಲಿ ತುಳು ಬೆರೆಯುತ್ತ ಹೋಗುತ್ತದೆ. ಅರ್ಧ ಗಂಟೆಯಲ್ಲಿ ಬೇರೆಯೇ ನಾಡು. ಅಲ್ಲಿ ಒಂದು ಎಳನೀರು ಕುಡಿದು ಮತ್ತೆ ಹತ್ತಿ ಬನ್ನಿ.

ಎರಡನೆಯ ದಿನವಿದ್ದರೆ ಹೊಸನಗರದ ದಿಕ್ಕು. ಇದು ಶರಾವತಿಯ ಸೀಮೆ, ಕೆಳದಿ ಅರಸರ ಸೀಮೆ ಕೂಡ. ಅಂಬುತೀರ್ಥದಲ್ಲಿ ರಾಮ ಬಾಣ ಹೂಡಿ ಸೀತೆಯ ಬಾಯಾರಿಕೆ ತೀರಿಸಿದನೆಂದು ಹೇಳುತ್ತಾರೆ. ಕೈಬೊಗಸೆಯಲ್ಲಿ ಹಿಡಿಯಬಹುದಾದ ಈ ನೀರೇ ಜೋಗದಲ್ಲಿ 253 ಮೀಟರ್ ಕೆಳಗೆ ಬೀಳುವುದು, ಲಿಂಗನಮಕ್ಕಿಯಲ್ಲಿ ನಿಂತು ರಾಜ್ಯಕ್ಕೆ ವಿದ್ಯುತ್ ಕೊಡುವುದು. ಅಂಬುತೀರ್ಥದಿಂದ ಕವಲೇದುರ್ಗದ ಕೋಟೆಗೆ ಬನ್ನಿ. ಕಾರು ಬುಡದಲ್ಲಿ ಬಿಟ್ಟು, ಗದ್ದೆಯಂಚಿನಲ್ಲಿ ನಡೆದು, ಕಲ್ಲಿನ ಬಾಗಿಲುಗಳನ್ನು ದಾಟುತ್ತ ಹತ್ತಬೇಕು. ಮಳೆಗಾಲದಲ್ಲಿ ಇಂಬಳ ಹತ್ತುತ್ತದೆ, ಜೇಬಿನಲ್ಲಿ ಸುಣ್ಣವೋ ಉಪ್ಪೋ ಇರಲಿ. ಕೋಟೆಯೊಳಗೆ ಶ್ರೀಕಂಠೇಶ್ವರ ದೇವಸ್ಥಾನ, ಅರಮನೆಯ ಅಡಿಪಾಯ, ಕಲ್ಲಿನ ಒಲೆ, ಬೇಸಿಗೆಗೂ ನೀರುಳಿಸಿಕೊಂಡ ಕೊಳಗಳು ಇವೆ. ಗುಡ್ಡದ ನೆತ್ತಿಯಲ್ಲಿ ನೀರು ನಿಲ್ಲಿಸುವುದು ಗೊತ್ತಿದ್ದವರಿಗಷ್ಟೇ ಇಂಥ ಕೋಟೆ ಸಾಧ್ಯ.

ಮುಂದೆ ನಗರ, ಹಿಂದಿನ ಬಿದನೂರು. ಛತ್ರಪತಿ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೈನ್ಯವನ್ನು ಎದುರಿಸಿದ ಕೆಳದಿ ರಾಣಿ ಚೆನ್ನಮ್ಮಾಜಿಯ ರಾಜಧಾನಿ. 1763ರಲ್ಲಿ ಹೈದರಾಲಿಯ ವಶವಾಯಿತು. ಈ ಕಾಡಿನ ಮೂಲೆಯಲ್ಲಿ ರಾಜಧಾನಿ ಯಾಕೆ ಎಂದು ಹೊಸಬರು ಕೇಳುವುದುಂಟು. ಉತ್ತರ ರಸ್ತೆಯಲ್ಲೇ ಸಿಗುತ್ತದೆ. ಮಾಸ್ತಿಕಟ್ಟೆಯ ಕಡೆಗೆ ಹೋದರೆ ಸ್ವಲ್ಪದರಲ್ಲೇ ಬಾಳೆಬರೆ ಘಾಟಿ, ಕೆಳಗೆ ಕುಂದಾಪುರದ ಕರಾವಳಿ. ಕೆಳದಿಯ ಕಾಳುಮೆಣಸು, ಅಕ್ಕಿ ಬಂದರಿಗಿಳಿದದ್ದು ಇಂಥ ಘಾಟಿಗಳಲ್ಲೇ. ಘಾಟಿಯ ಬಾಯಿ ಹಿಡಿದವನ ಕೈಯಲ್ಲೇ ಸುಂಕ ಇತ್ತು. ಇಂದಿಗೂ ತೋಟಗಳಲ್ಲಿ ಅಡಿಕೆ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ ಕಾಣುತ್ತದೆ. ನಗರದ ಹತ್ತಿರದ ದೇವಗಂಗೆಯ ಕೊಳಗಳನ್ನು ತಪ್ಪಿಸಬೇಡಿ. ಬೆಟ್ಟದ ಒರತೆಯನ್ನು ಕಲ್ಲಿನ ಕೊಳದಿಂದ ಕೊಳಕ್ಕೆ ಹರಿಸಿದ ಆ ಕೆಲಸ ನನಗೆ ಯಾವ ಅರಮನೆಗಿಂತಲೂ ಹೆಚ್ಚು ಇಷ್ಟ.

ಕುಪ್ಪಳಿ ಕೊಪ್ಪದ ರಸ್ತೆಯಲ್ಲಿದೆ, ಅರ್ಧ ದಿನ ಸಾಕು. ಮನೆ ನೋಡಿದ ಮೇಲೆ ಕವಿಶೈಲಕ್ಕೆ ನಡೆದೇ ಹತ್ತಿ, ಅಲ್ಲಿ ಮಾತು ಕಡಿಮೆಯಿರಲಿ. ಕುವೆಂಪು ಅವರ ಸಮಾಧಿ ಇರುವುದೂ ಅಲ್ಲೇ. ಶಿವಮೊಗ್ಗದ ರಸ್ತೆಯ ಮಂಡಗದ್ದೆಗೆ ಬರಬೇಕಾದ ಕಾಲ ಮಳೆಗಾಲ. ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಆಗಷ್ಟೇ ಬೆಳ್ಳಕ್ಕಿ, ನೀರುಕಾಗೆಗಳ ಗೂಡು ತುಂಬಿರುತ್ತದೆ. ಜನವರಿಯಲ್ಲಿ ಬಂದು ಖಾಲಿ ಮರ ನೋಡಿ ದೂರುವವರು ಪಾಪ, ತಪ್ಪು ತಿಂಗಳಲ್ಲಿ ಬಂದವರು.

ಹೊರಡುವ ಮುನ್ನ ಪೆಟ್ರೋಲು ತೀರ್ಥಹಳ್ಳಿಯಲ್ಲೇ ತುಂಬಿಸಿ. ಒಳಗೆ ಹೋದಂತೆ ಮೊಬೈಲ್ ಸಿಗ್ನಲ್ ಹೋಗುತ್ತದೆ, ಜನರನ್ನೇ ಕೇಳಿ. “ಅಣ್ಣ, ಈ ರಸ್ತೆ ಗುಡ್ಡೇಕೇರಿಗೆ ಹೋಗುತ್ತಾ?” ಎಂದರೆ “ಹೋಗ್ತದೆ ಮಾರಾಯ್ರೆ, ಆದ್ರೆ ಮುಂದೆ ಹಳ್ಳ ತುಂಬಿದ್ಯೋ ಏನೋ, ನೋಡ್ಕಂಡು ಹೋಗಿ” ಎಂದು ಯಾವ ನಕ್ಷೆಯಲ್ಲೂ ಇಲ್ಲದ ಸುದ್ದಿ ಸಿಗುತ್ತದೆ. ಹಾಗೆ ಹೇಳಿದ ಮೇಲೆ ಹಳ್ಳದ ಮುಂದೆ ನಿಲ್ಲಿಸಿ, ಇಳಿದು ನೋಡಿ. ನೆಲ ಕಾಣದಷ್ಟು ಕೆಂಪು ನೀರು ರಸ್ತೆಯ ಮೇಲೆ ಹರಿಯುತ್ತಿದ್ದರೆ ಕಾರನ್ನು ಹಿಂದಕ್ಕೆ ತಿರುಗಿಸಿ. ಮಂಜಿನಲ್ಲಿ ಹೆಡ್‌ಲೈಟನ್ನು ಡಿಮ್‌ನಲ್ಲಿಡಿ. ಜುಲೈ, ಆಗಸ್ಟಿನಲ್ಲಿ ದರೆ ಕುಸಿದು ಘಾಟಿ ಮುಚ್ಚುವುದುಂಟು. ಆಗುಂಬೆ ಇಳಿಯುವ ಮುನ್ನ ಚೆಕ್‌ಪೋಸ್ಟಿನಲ್ಲಿ ವಿಚಾರಿಸಿಕೊಳ್ಳಿ.