ಅಭಯದಾನಕ್ಕೆ ವಿಧಿ ಬೇಡವೇ?

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳ ಹೆಸರನ್ನು ನಮ್ಮ ಮನೆಗಳಲ್ಲಿ ಮಕ್ಕಳೂ ಹೇಳಬಲ್ಲರು. ಮೊದಲಿನ ಮೂರು ದಾನಗಳಿಗೆ ನಮ್ಮ ಬಸದಿಗಳ ಟ್ರಸ್ಟುಗಳಲ್ಲಿ ಪ್ರತ್ಯೇಕ ನಿಧಿಗಳಿವೆ, ಲೆಕ್ಕದ ಪುಸ್ತಕಗಳಿವೆ. ನಾಲ್ಕನೆಯದಕ್ಕೆ ಬಂದಾಗ ನಾವು ಪ್ರಾಣಿದಯೆಯ ಬಾಬೊಂದನ್ನು ತೋರಿಸಿ ಸುಮ್ಮನಾಗುತ್ತೇವೆ. ಭಯಗೊಂಡು ಬಂದ ಮನುಷ್ಯನಿಗೆ ಅಭಯ ನೀಡುವ ಕೆಲಸ ರಾಜ್ಯಕ್ಕೆ ಸೇರಿದ್ದು, ನಮಗಲ್ಲ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಹಾಗಿದ್ದಲ್ಲಿ ರಾಜ್ಯವು ಆ ಕೆಲಸವನ್ನು ಹೇಗೆ ನಡೆಸುತ್ತಿದೆ ಎಂದು ವಿಚಾರಿಸುವ ಹೊಣೆಯಾದರೂ ನಮ್ಮ ಮೇಲಿದೆಯಲ್ಲವೇ? ಆಶ್ರಯ ಬೇಡಿ ಬಂದ ಪರದೇಶೀಯರನ್ನು ನಮ್ಮ ಸರ್ಕಾರಗಳು ನಡೆಸಿಕೊಂಡ ಬಗೆಯನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ದಾನದ ಹೆಚ್ಚು ಕಡಿಮೆಗಳನ್ನು ನಿರ್ಧರಿಸುವ ನಾಲ್ಕು ಅಂಶಗಳನ್ನು ಉಮಾಸ್ವಾಮಿಗಳು ಹೇಳಿದ್ದಾರೆ: ವಿಧಿ, ದ್ರವ್ಯ, ದಾತೃ, ಪಾತ್ರ. ಕೊಡುವ ವಸ್ತು ದೊಡ್ಡದಾಗಿರಬಹುದು, ಕೊಡುವವನ ಮನಸ್ಸು ಒಳ್ಳೆಯದಿರಬಹುದು, ಪಡೆಯುವವನು ಯೋಗ್ಯನಿರಬಹುದು. ಆದರೂ ಕೊಡುವ ಕ್ರಮ ಸರಿಯಿಲ್ಲದಿದ್ದರೆ ದಾನಕ್ಕೆ ಕುಂದು. ಸೂತ್ರಕಾರರು ಇದನ್ನು ಹೇಳಿದ್ದು ಅತಿಥಿಸಂವಿಭಾಗದ ಸಂದರ್ಭದಲ್ಲಿ. ಆದರೆ ಈ ಅಳತೆಗೋಲನ್ನು ಸರ್ಕಾರದ ಔದಾರ್ಯಕ್ಕೂ ಹಿಡಿದು ನೋಡಬಹುದು. ನಮ್ಮ ದೇಶವು ದ್ರವ್ಯದಲ್ಲಿ ಜಿಪುಣತನ ತೋರಿಸಿದೆಯೆಂದು ಯಾರೂ ಹೇಳಲಾರರು. ಕೊರತೆ ಇರುವುದು ವಿಧಿಯಲ್ಲಿ.

ದೂರದ ಉದಾಹರಣೆ ಬೇಕಿಲ್ಲ. ನಮ್ಮ ಉಡಿಗಾಲದವರು ಚಾಮರಾಜನಗರ, ಕೊಳ್ಳೇಗಾಲಗಳನ್ನು ದಾಟಿ ಹನೂರಿನ ಕಡೆಗೆ ಹೋದರೆ ಒಡೆಯರಪಾಳ್ಯ ಸಿಗುತ್ತದೆ. ಟಿಬೆಟಿಯನ್ನರು ಧೋಂಡೆನ್‌ಲಿಂಗ್ ಎಂದು ಕರೆಯುವ ಈ ನೆಲೆ 1974ರ ಸುಮಾರಿಗೆ ಆರಂಭವಾಯಿತು. ಅದಕ್ಕೆ ಮೊದಲೇ, 1959ರಲ್ಲಿ ದಲಾಯಿ ಲಾಮಾ ಅವರ ಹಿಂದೆ ಹಿಮಾಲಯ ದಾಟಿ ಬಂದ ಸಾವಿರಾರು ಜನರಿಗಾಗಿ ಮೈಸೂರು ರಾಜ್ಯವು ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಭೂಮಿ ನೀಡಿತ್ತು. 1966ರಲ್ಲಿ ಮುಂಡಗೋಡ, 1970ರ ದಶಕದ ಆರಂಭದಲ್ಲಿ ಹುಣಸೂರಿನ ಗುರುಪುರ ಸೇರಿಕೊಂಡವು. ತಣ್ಣನೆಯ ಪ್ರಸ್ಥಭೂಮಿಯಿಂದ ಬಂದವರು ಕಾಡು ಕಡಿದು, ಆನೆಯ ಕಾಟ ಸಹಿಸಿ, ಮುಸುಕಿನ ಜೋಳ ಬೆಳೆಯಲು ಕಲಿತರು. ಚಳಿಗಾಲದಲ್ಲಿ ಊರೂರಿಗೆ ಹೋಗಿ ಸ್ವೆಟರ್ ಮಾರಿದರು. ಕೊಳ್ಳೇಗಾಲದ ಕಡೆಯ ಜೋಳವನ್ನು ಕೊಂಡು ಮಾರುವ ನನ್ನಂಥ ವರ್ತಕರಿಗೆ ಅವರು ಅಪರಿಚಿತರಲ್ಲ. ತೂಕದಲ್ಲಿ, ಮಾತಿನಲ್ಲಿ ನೇರವಾದ ಜನ. ಜಗತ್ತಿನ ಅನೇಕ ಶ್ರೀಮಂತ ರಾಷ್ಟ್ರಗಳು ನಿರಾಶ್ರಿತರನ್ನು ಡೇರೆಗಳಲ್ಲಿ ಕೊಳೆಯಿಸಿದ ಕಾಲದಲ್ಲಿ ಒಂದು ಬಡ ರಾಜ್ಯವು ಉಳುವ ನೆಲ, ಶಾಲೆ, ಪೂಜೆಯ ಸ್ವಾತಂತ್ರ್ಯಗಳನ್ನು ಕೊಟ್ಟಿತು. ಇದನ್ನು ಕನ್ನಡಿಗರು ಹೆಮ್ಮೆಯಿಂದಲೇ ನೆನೆಯಬೇಕು.

ಆದರೆ ಕಾಗದವನ್ನು ಓದಿದಾಗ ಚಿತ್ರ ಬದಲಾಗುತ್ತದೆ. ಒಡೆಯರಪಾಳ್ಯದಲ್ಲಿ ಹುಟ್ಟಿ, ಕನ್ನಡದಲ್ಲಿ ವ್ಯಾಪಾರ ಮಾಡುವ ಟಿಬೆಟಿಯನ್ ಗೃಹಸ್ಥನು ಕಾನೂನಿನ ಕಣ್ಣಿಗೆ ಸಾಮಾನ್ಯವಾಗಿ ಪರದೇಶೀಯನೇ. ಅವನು ನೋಂದಣಿ ಪತ್ರವನ್ನು ಕಾಲಕಾಲಕ್ಕೆ ನವೀಕರಿಸಿಕೊಳ್ಳುತ್ತಿರಬೇಕು. ಉಳುವ ಭೂಮಿ ಗುತ್ತಿಗೆಯದು. ಕೇಂದ್ರ ಸರ್ಕಾರವು 2014ರಲ್ಲಿ ಹೊರಡಿಸಿದ ಟಿಬೆಟಿಯನ್ ಪುನರ್ವಸತಿ ನೀತಿಯು ಒಳ್ಳೆಯ ಹೆಜ್ಜೆಯೇ ಆಗಿತ್ತು. ರಾಜ್ಯಕ್ಕೊಂದು ರೀತಿಯಿದ್ದ ವ್ಯವಹಾರವನ್ನು ಅದು ಏಕರೂಪಕ್ಕೆ ತರಲು ಯತ್ನಿಸಿತು. ಆದರೂ ಅದು ಸೂಚಿಸಿದ ಗುತ್ತಿಗೆಯ ಅವಧಿ 20 ವರ್ಷ. ತೆಂಗು ನೆಡುವವನು ಎಷ್ಟು ವರ್ಷದ ಲೆಕ್ಕ ಹಾಕುತ್ತಾನೆಂಬುದು ನಮ್ಮ ರೈತರಿಗೆ ಗೊತ್ತು. ಇನ್ನು ಪೌರತ್ವದ ಮಾತು. 1955ರ ಕಾಯಿದೆಯ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಈ ನೆಲದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು. ಇದು ಟಿಬೆಟಿಯನ್ನರಿಗೂ ಅನ್ವಯಿಸುತ್ತದೆಂದು ನಮ್ಮ ಕರ್ನಾಟಕ ಉಚ್ಚ ನ್ಯಾಯಾಲಯವೇ 2013ರಲ್ಲಿ ತೀರ್ಪಿತ್ತಿತು. ಸರ್ಕಾರ ಅದನ್ನು ಒಪ್ಪಿತು. ಆದರೆ 2017ರಲ್ಲಿ ಪಾಸ್‌ಪೋರ್ಟ್ ಬೇಡುವವರಿಗೆ ಷರತ್ತುಗಳನ್ನು ಮುಂದಿಟ್ಟಿತು. ನೋಂದಣಿ ಪತ್ರ ಹಿಂದಿರುಗಿಸಬೇಕು, ನಿಗದಿತ ವಸತಿ ನೆಲೆಯಲ್ಲಿ ವಾಸಿಸಬಾರದು, ಅಲ್ಲಿಯ ಸೌಲಭ್ಯ ಪಡೆಯಬಾರದು. ಹುಟ್ಟಿನಿಂದ ಬಂದ ಹಕ್ಕನ್ನು ಪಡೆಯಲು ತಂದೆತಾಯಿಯರ ಮನೆಯನ್ನು ಬಿಡಬೇಕೆಂಬ ಈ ಲೆಕ್ಕ ಯಾವ ಶಾಸ್ತ್ರಕ್ಕೆ ಸೇರಿದ್ದೋ ನಾನರಿಯೆ.

ಟಿಬೆಟಿಯನ್ನರದು ಅದೃಷ್ಟವಂತರ ಕಥೆ. ಉಳಿದವರ ಸ್ಥಿತಿ ಏನೆಂದು ತಿಳಿಯಲು ಮೂಲ ಕಾನೂನನ್ನೇ ನೋಡಬೇಕು. 1951ರ ನಿರಾಶ್ರಿತರ ಅಂತಾರಾಷ್ಟ್ರೀಯ ಒಪ್ಪಂದಕ್ಕೆ ಭಾರತವು ಸಹಿ ಹಾಕಿಲ್ಲ. ದೇಶದೊಳಗೂ ನಿರಾಶ್ರಿತರಿಗೆಂದು ಕಾಯಿದೆಯಿಲ್ಲ. ಎಲ್ಲವೂ ನಡೆಯುತ್ತಿದ್ದದ್ದು ಬ್ರಿಟಿಷರ ಆಳ್ವಿಕೆಯ ಕೊನೆಯಲ್ಲಿ ಬಂದ 1946ರ ವಿದೇಶೀಯರ ಕಾಯಿದೆಯ ಮೇಲೆ. ಅದನ್ನೂ ಇತರ ಮೂರು ಕಾಯಿದೆಗಳನ್ನೂ ರದ್ದುಪಡಿಸಿ 2025ರ ಸೆಪ್ಟೆಂಬರ್ 1ರಿಂದ ವಲಸೆ ಮತ್ತು ವಿದೇಶೀಯರ ಕಾಯಿದೆ ಜಾರಿಗೆ ಬಂದಿದೆ. ಹಳೆಯ ನಾಲ್ಕು ಖಾತೆಗಳನ್ನು ಒಂದು ಖಾತೆಗೆ ಎತ್ತಿಕೊಂಡಂತಾಯಿತು. ಆದರೆ ಬಾಕಿಯನ್ನು ತೀರಿಸುವ ಅವಕಾಶ ಕೈತಪ್ಪಿತು. ತಾನು ಪರದೇಶೀಯನಲ್ಲವೆಂದು ಸಾಬೀತುಪಡಿಸುವ ಹೊಣೆ ಆರೋಪಿತನ ಮೇಲೆಯೇ ಇರುವ ಹಳೆಯ ಕ್ರಮ ಹಾಗೆಯೇ ಮುಂದುವರಿದಿದೆ. ಪಾಸ್‌ಪೋರ್ಟ್ ಇಲ್ಲದೆ ಪ್ರವೇಶಿಸಿದವನಿಗೆ ಐದು ವರ್ಷದವರೆಗೆ ಸೆರೆ, ಐದು ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ. ಕದ್ದು ನುಸುಳಿದವನು, ಪ್ರಾಣಭಯದಿಂದ ಓಡಿಬಂದವನು, ಇವರಿಬ್ಬರ ನಡುವೆ ಕಾಯಿದೆಯೇ ಗೆರೆ ಎಳೆಯಬೇಕಿತ್ತು. ಅದು ಎಳೆದಿಲ್ಲ. ಟಿಬೆಟಿಯನ್ನರು, ನೋಂದಣಿಯಾದ ಶ್ರೀಲಂಕಾ ತಮಿಳರು ಮುಂತಾದವರಿಗೆ ಅದೇ ದಿನ ಹೊರಟ ಪ್ರತ್ಯೇಕ ಆದೇಶದ ಮೂಲಕ ವಿನಾಯಿತಿ ದೊರೆತಿದೆ. ಆದೇಶವೆಂದರೆ ಇನ್ನೊಂದು ಆದೇಶದಿಂದ ಹೋಗಬಲ್ಲದ್ದು.

ಸರ್ಕಾರಕ್ಕೆ ಗೆರೆ ಎಳೆಯಲು ಬರುವುದಿಲ್ಲವೆಂದಲ್ಲ. 2011ರ ಡಿಸೆಂಬರಿನಲ್ಲಿ ಕೇಂದ್ರ ಗೃಹ ಸಚಿವಾಲಯವು ರಾಜ್ಯಗಳಿಗೆ ಒಂದು ಕಾರ್ಯವಿಧಾನವನ್ನು ಕಳುಹಿಸಿತು. ತಾನು ನಿರಾಶ್ರಿತನೆಂದು ಹೇಳುವವನ ಹೇಳಿಕೆಯನ್ನು ಹೇಗೆ ಪರಿಶೀಲಿಸಬೇಕು, ಜನಾಂಗ, ಧರ್ಮ, ಲಿಂಗ, ರಾಜಕೀಯ ಅಭಿಪ್ರಾಯ ಮುಂತಾದ ಕಾರಣಗಳಿಂದ ಹಿಂಸೆಗೊಳಗಾಗುವ ಭಯ ಮೇಲ್ನೋಟಕ್ಕೆ ನಿಜವೆಂದು ಕಂಡರೆ ದೀರ್ಘಾವಧಿ ವೀಸಾಕ್ಕೆ ಹೇಗೆ ಶಿಫಾರಸು ಮಾಡಬೇಕು ಎಂಬುದೆಲ್ಲ ಅದರಲ್ಲಿದೆ. 2019ರಲ್ಲಿ ಅದನ್ನು ಪರಿಷ್ಕರಿಸಲಾಯಿತು. ಬಹುಮಟ್ಟಿಗೆ ನ್ಯಾಯವಾದ ಪತ್ರ. ಆದರೆ ಅದು ಕಚೇರಿಯಿಂದ ಕಚೇರಿಗೆ ಹೋದ ಪತ್ರ. ಅದನ್ನು ಪಾಲಿಸದ ಅಧಿಕಾರಿಯನ್ನು ಆಶ್ರಿತನು ಕಾಯಿದೆಯ ಬಲದಿಂದ ಪ್ರಶ್ನಿಸುವಂತಿಲ್ಲ. ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರ ನೇತೃತ್ವದಲ್ಲಿ 1990ರ ದಶಕದಲ್ಲಿಯೇ ಮಾದರಿ ಕಾನೂನೊಂದು ಸಿದ್ಧವಾಗಿತ್ತು. 2015ರಲ್ಲಿ ಲೋಕಸಭೆಯಲ್ಲಿ ಖಾಸಗಿ ಮಸೂದೆಯೂ ಬಂದಿತ್ತು. ಯಾವುದೂ ಕಾಯಿದೆಯಾಗಲಿಲ್ಲ. ಸಾಲ ಕೊಟ್ಟು ಪತ್ರ ಮಾಡಿಕೊಡದ ಸಾಹುಕಾರನನ್ನು ಊರು ಉದಾರಿ ಎನ್ನಬಹುದು. ಸಾಲಗಾರನಿಗೆ ಮಾತ್ರ ರಾತ್ರಿ ನಿದ್ದೆ ಬರುವುದಿಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ರಾಜ್ಯವು ಶ್ರಾವಕನಲ್ಲ, ಅದಕ್ಕೆ ಪ್ರಜೆಗಳ ಸುರಕ್ಷತೆ ಮೊದಲು, ಬಂದವರಲ್ಲಿ ಕಳ್ಳರಿರಬಹುದು, ಗೂಢಚಾರರಿರಬಹುದು. ಈ ಮಾತನ್ನು ತಳ್ಳಿಹಾಕುವುದು ತಪ್ಪು. ಗಡಿಯಿಲ್ಲದ ರಾಜ್ಯವು ಯಾರಿಗೂ ಅಭಯ ಕೊಡಲಾರದು. ಸರ್ವೋಚ್ಚ ನ್ಯಾಯಾಲಯವೂ 2021ರಲ್ಲಿ ರೋಹಿಂಗ್ಯಾ ಪ್ರಕರಣದಲ್ಲಿ, ದೇಶದಲ್ಲಿ ನೆಲೆಸುವ ಹಕ್ಕು ಪ್ರಜೆಗೆ ಮಾತ್ರ, ಆದರೆ ಹೊರಹಾಕುವುದಿದ್ದರೆ ನಿಗದಿತ ಕ್ರಮದಂತೆಯೇ ಆಗಬೇಕು ಎಂದಿತು. 1996ರಲ್ಲಿ ಅರುಣಾಚಲ ಪ್ರದೇಶದ ಚಕ್ಮಾ ಜನರ ಪ್ರಕರಣದಲ್ಲಿ ಅದೇ ನ್ಯಾಯಾಲಯವು, ಪ್ರಜೆಯಾಗಲಿ ಅಲ್ಲದಿರಲಿ, ಪ್ರತಿಯೊಬ್ಬ ಮನುಷ್ಯನ ಜೀವವನ್ನು ಕಾಪಾಡಲು ರಾಜ್ಯವು ಬದ್ಧ ಎಂದಿತ್ತು. ಎರಡನ್ನೂ ಒಟ್ಟಿಗೆ ನಡೆಸುವುದೇ ಆಡಳಿತ.

ನಡೆದದ್ದೇನು? 2020ರ ಜನವರಿಯಲ್ಲಿ ಬೆಂಗಳೂರಿನ ಕರಿಯಮ್ಮನ ಅಗ್ರಹಾರದಲ್ಲಿ ಬಾಂಗ್ಲಾದೇಶೀಯರಿದ್ದಾರೆಂಬ ವದಂತಿಯ ಬೆನ್ನಲ್ಲೇ ಕೂಲಿಕಾರರ ಗುಡಿಸಲುಗಳನ್ನು ಕೆಡವಲಾಯಿತು. ಮನೆ ಕಳೆದುಕೊಂಡವರು ತಮ್ಮ ಗುರುತಿನ ಚೀಟಿಗಳನ್ನು ತೋರಿಸಿದರು. ಅವರಲ್ಲಿ ಈಶಾನ್ಯ ರಾಜ್ಯಗಳವರಿದ್ದರು, ಉತ್ತರ ಕರ್ನಾಟಕದಿಂದ ದುಡಿಯಲು ಬಂದ ಅಚ್ಚ ಕನ್ನಡಿಗರೂ ಇದ್ದರು. ಉಚ್ಚ ನ್ಯಾಯಾಲಯವು ಈ ಕೃತ್ಯವನ್ನು ಕಾನೂನುಬಾಹಿರವೆಂದು ಕಂಡು ಪರಿಹಾರದ ಕಡೆಗೆ ಸರ್ಕಾರವನ್ನು ಎಳೆಯಬೇಕಾಯಿತು. ಇದರಿಂದ ಯಾರ ಸುರಕ್ಷತೆ ಹೆಚ್ಚಿತು? 2012ರ ಆಗಸ್ಟಿನಲ್ಲಿ ವದಂತಿಯೊಂದಕ್ಕೆ ಹೆದರಿ ಈಶಾನ್ಯದ ಸಾವಿರಾರು ಜನರು ಬೆಂಗಳೂರಿನಿಂದ ರೈಲು ಹತ್ತಿದ್ದು, ಅದೇ ದಿನಗಳಲ್ಲಿ ಮೈಸೂರಿನಲ್ಲಿ ಟಿಬೆಟಿಯನ್ ಯುವಕನೊಬ್ಬನಿಗೆ ಚೂರಿ ಹಾಕಿದ್ದು ಓದುಗರಿಗೆ ನೆನಪಿರಬಹುದು. ಮುಖ ನೋಡಿ ಪರಕೀಯರನ್ನು ಗುರುತಿಸಲು ಹೊರಟರೆ ಆಗುವುದು ಇದೇ. ತಾನು ಯಾರೆಂದು ಹೇಳಿಕೊಂಡರೆ ವಿಚಾರಣೆ ದೊರೆಯುತ್ತದೆಂಬ ಭರವಸೆ ಇದ್ದವನು ಠಾಣೆಗೆ ತಾನಾಗಿ ಬರುತ್ತಾನೆ. ಸೆರೆಯೇ ದೊರೆಯುವುದೆಂದು ತಿಳಿದವನು ಅಡಗುತ್ತಾನೆ, ಸುಳ್ಳು ಕಾಗದ ಕೊಳ್ಳುತ್ತಾನೆ, ಅದನ್ನು ಮಾರುವವನ ಕೈಗೆ ಸಿಕ್ಕುತ್ತಾನೆ. ಅಡಗಿದವರನ್ನು ಹುಡುಕುವುದಕ್ಕಿಂತ ಬಂದವರನ್ನು ಬರೆದುಕೊಳ್ಳುವುದು ಪೊಲೀಸರಿಗೂ ಸುಲಭ. ನೆಲಮಂಗಲದ ಬಳಿಯ ಸೊಂಡೆಕೊಪ್ಪದಲ್ಲಿ ಸಮಾಜ ಕಲ್ಯಾಣ ಇಲಾಖೆಯ ವಿದ್ಯಾರ್ಥಿ ನಿಲಯವಾಗಿದ್ದ ಕಟ್ಟಡಕ್ಕೆ ಗೋಡೆ, ಮುಳ್ಳುತಂತಿ ಹಾಕಿಸಿ ವಿದೇಶೀಯರ ಬಂಧನ ಕೇಂದ್ರ ಮಾಡಲಾಯಿತು. ಅದಕ್ಕೆ ತಗುಲಿದ ಶ್ರದ್ಧೆ ವಿಚಾರಣೆಯ ಕ್ರಮಕ್ಕೂ ತಗುಲಬೇಕಿತ್ತು.

ಈಗ ನಮ್ಮ ಸಮಾಜಕ್ಕೆ ಹತ್ತಿರದ, ಸ್ವಲ್ಪ ಮುಜುಗರದ ವಿಷಯ. 2019ರ ಪೌರತ್ವ ತಿದ್ದುಪಡಿ ಕಾಯಿದೆಯಲ್ಲಿ ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನಗಳಿಂದ ಬಂದ ಆರು ಧರ್ಮಗಳವರನ್ನು ಹೆಸರಿಸಲಾಗಿದೆ. ಅವುಗಳಲ್ಲಿ ಜೈನಧರ್ಮವೂ ಒಂದು. ನಮ್ಮಲ್ಲಿ ಅನೇಕರು ಇದರಿಂದ ಸಂತೋಷಪಟ್ಟರು. ದಶಕಗಳಿಂದ ಕಾದಿದ್ದವರಿಗೆ ಇದರಿಂದ ಉಪಕಾರವಾದದ್ದು ನಿಜ. ನಮ್ಮ ರಾಯಚೂರು ಜಿಲ್ಲೆಯ ಸಿಂಧನೂರಿನ ಪುನರ್ವಸತಿ ಕ್ಯಾಂಪುಗಳ ಕೆಲವರಿಗೆ 2024ರಲ್ಲಿ ಪೌರತ್ವ ದೊರೆಯಿತು. ಅದು ಬೇಡವಾಗಿತ್ತೆಂದು ನಾನು ಹೇಳುತ್ತಿಲ್ಲ. ಆದರೆ ಆದಿಪುರಾಣದಲ್ಲಿ ಜಿನಸೇನಾಚಾರ್ಯರು ದತ್ತಿಯನ್ನು ದಯಾದತ್ತಿ, ಪಾತ್ರದತ್ತಿ, ಸಮದತ್ತಿ, ಅನ್ವಯದತ್ತಿ ಎಂದು ನಾಲ್ಕಾಗಿ ವಿಂಗಡಿಸಿದ್ದನ್ನು ಇಲ್ಲಿ ಸ್ಮರಿಸಬೇಕು. ಸಮದತ್ತಿ ತನಗೆ ಸಮಾನರಾದವರಿಗೆ ಕೊಡುವುದು. ಅಭಯವನ್ನು ಆಚಾರ್ಯರು ಇರಿಸಿದ್ದು ದಯಾದತ್ತಿಯಲ್ಲಿ, ಅನುಗ್ರಹಕ್ಕೆ ಯೋಗ್ಯವಾದ ಎಲ್ಲ ಜೀವಿಗಳಿಗೆ ಸಲ್ಲುವುದರಲ್ಲಿ. ಆ ಕಾಯಿದೆಯು ದಯಾದತ್ತಿಯನ್ನು ಸಮದತ್ತಿಯ ಪಟ್ಟಿಗೆ ಸೇರಿಸಿದೆ. ಆ ಪಟ್ಟಿಯಲ್ಲಿ ಒಡೆಯರಪಾಳ್ಯದ ಬೌದ್ಧರಿಲ್ಲ, ಏಕೆಂದರೆ ಅವರು ಬಂದ ದೇಶ ಬೇರೆ. ಶ್ರೀಲಂಕಾದ ಹಿಂದೂಗಳೂ ಇಲ್ಲ. ಭಯಕ್ಕೆ ಧರ್ಮದ, ದೇಶದ ಹೆಸರು ಹಚ್ಚಿದ ಮೇಲೆ ಹೀಗಾಗುವುದು ಸಹಜ.

ನಾವೇ ಆಶ್ರಯ ಬೇಡಿದವರಾಗಿದ್ದ ಕಾಲವೂ ಇತ್ತು. 1368ರಲ್ಲಿ ವಿವಿಧ ನಾಡುಗಳ ಭವ್ಯರು ಶ್ರೀವೈಷ್ಣವರಿಂದ ತಮಗಾಗುತ್ತಿದ್ದ ಅನ್ಯಾಯವನ್ನು ವಿಜಯನಗರದ ಬುಕ್ಕರಾಯನಲ್ಲಿ ಹೇಳಿಕೊಂಡರು. ಅರಸನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ನಿರ್ಣಯಿಸಿದನೆಂಬುದನ್ನು ನಾವು ಸಭೆಗಳಲ್ಲಿ ಹೇಳುತ್ತೇವೆ. ಶ್ರವಣಬೆಳಗೊಳದ ಆ ಶಾಸನದ ಮುಂದಿನ ಭಾಗ ವರ್ತಕನಾದ ನನಗೆ ಇನ್ನೂ ಪ್ರಿಯ. ರಾಜ್ಯದ ಜೈನರ ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣ ಸಂಗ್ರಹವಾಗಬೇಕು. ಅದರಿಂದ ಬೆಳಗೊಳದ ದೇವರ ರಕ್ಷಣೆಗೆ ಇಪ್ಪತ್ತು ಮಂದಿ ಕಾವಲಿನವರನ್ನು ನೇಮಿಸಬೇಕು. ಅವರನ್ನು ನೇಮಿಸುವ ಹೊಣೆ ತಿರುಮಲೆಯ ತಾತಯ್ಯನದು, ಅಂದರೆ ವೈಷ್ಣವರ ಕಡೆಯವನದು. ಉಳಿದ ಹಣ ಜೀರ್ಣ ಜಿನಾಲಯಗಳಿಗೆ. ಯಾರು ಕಾಯಬೇಕು, ಎಷ್ಟು ಜನ, ಖರ್ಚು ಎಲ್ಲಿಂದ ಎಂಬುದೆಲ್ಲವೂ ಕಲ್ಲಿನಲ್ಲಿದೆ. ಅರಸನ ಕರುಣೆ ಅವನೊಂದಿಗೇ ಹೋಗಲಿಲ್ಲ. ದೆಹಲಿಯ ಆದೇಶಗಳಲ್ಲಿ ನಾನು ಕಾಣದಿರುವುದು ಈ ಕಲ್ಲಿನ ಗುಣ.

ಟ್ರಸ್ಟುಗಳ ವಿಷಯಕ್ಕೆ ಬರುತ್ತೇನೆ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮವೂ ಒಂದೆಂಬುದನ್ನು ಮರೆಯಬಾರದು. ರಾಜ್ಯದ ಕಟ್ಟಳೆಯನ್ನು ಮೀರಿ ದಯೆ ತೋರಿಸುವ ದಾರಿ ಶ್ರಾವಕನಿಗಿಲ್ಲ. ಹೊಸ ಕಾಯಿದೆಯು ವಸತಿ ಕೊಡುವವರ ಮೇಲೆ, ಆಸ್ಪತ್ರೆಗಳ ಮೇಲೆ, ಶಿಕ್ಷಣ ಸಂಸ್ಥೆಗಳ ಮೇಲೆ ಪರದೇಶೀಯರ ವಿವರ ಸಲ್ಲಿಸುವ ಹೊಣೆ ಹೊರಿಸಿದೆ. ಆಹಾರ, ಔಷಧ, ಶಾಸ್ತ್ರ ಎಂಬ ನಮ್ಮ ಮೂರು ದಾನಗಳ ಬಾಗಿಲಿಗೂ ಅದು ಬಂದು ನಿಂತಿದೆ ಎಂದರೂ ನಡೆದೀತು. ಮಹಾಮಸ್ತಕಾಭಿಷೇಕಕ್ಕೆ ಬರುವ ಪರದೇಶದ ಯಾತ್ರಿಕನು ಧರ್ಮಶಾಲೆಯಲ್ಲಿ ತಂಗಿದರೆ, ಹಿಂದಿನಿಂದ ‘ಸಿ’ ನಮೂನೆ ಎಂದು ಹೆಸರಾಗಿದ್ದ ವಿವರವನ್ನು 24 ಗಂಟೆಗಳೊಳಗೆ ಸಲ್ಲಿಸಬೇಕು. ಸಣ್ಣ ಕ್ಷೇತ್ರಗಳ ವ್ಯವಸ್ಥಾಪಕರಲ್ಲಿ ಹಲವರಿಗೆ ಇದು ತಿಳಿದಂತಿಲ್ಲ, ತಿಳಿದುಕೊಳ್ಳಲಿ. ಜೊತೆಗೆ ವಾರ್ಷಿಕ ಸಭೆಯ ಕಾರ್ಯಸೂಚಿಯಲ್ಲಿ ಸಂಸದರಿಗೆ ಕಳುಹಿಸುವ ಮನವಿಯೊಂದಕ್ಕೂ ಸ್ಥಳವಿರಲಿ. ಅದರಲ್ಲಿ ಎರಡು ಕೋರಿಕೆ ಸಾಕು: 2011ರ ಕಾರ್ಯವಿಧಾನವು ಧರ್ಮ ದೇಶಗಳ ಪಟ್ಟಿಯಿಲ್ಲದ ಕಾಯಿದೆಯಾಗಲಿ, ತಿರಸ್ಕೃತನಾದವನಿಗೆ ಅಧಿಕಾರಿಯ ಮೇಲೆ ಒಬ್ಬ ನ್ಯಾಯಾಧೀಶರ ಮುಂದೆ ಮೇಲ್ಮನವಿ ಇರಲಿ.