ಖಾಂಡವದಹನ ಮತ್ತು ತರಗುಬೆಂಕಿ

ನಮ್ಮ ಪ್ರಾಚೀನ ಕಾವ್ಯಗಳಲ್ಲಿ ಅರಣ್ಯವು ಹಲವು ಬಗೆಯಾಗಿ ಬಂದಿದೆ. ಅಷ್ಟಾದಶ ವರ್ಣನೆಗಳಲ್ಲಿ ವನವಿಹಾರಕ್ಕೆ ಸ್ಥಾನವುಂಟು. ಬೇಟೆಗೆ, ತಪಸ್ಸಿಗೆ, ವನವಾಸಕ್ಕೆ ಕಾಡೇ ರಂಗಸ್ಥಳ. ಆದರೆ ಆ ಕಾಡಿನಲ್ಲಿಯೇ ಹುಟ್ಟಿ, ಅದರ ಆಗುಹೋಗುಗಳಿಗೆ ಹೊಣೆಯಾಗಿ ಬಾಳಿದವರ ಮಾತನ್ನು ನಮ್ಮ ವಿಮರ್ಶೆ ಎಷ್ಟರಮಟ್ಟಿಗೆ ಪ್ರಮಾಣವೆಂದು ಸ್ವೀಕರಿಸಿದೆ? ಎರಡು ಬೆಂಕಿಗಳ ನಿದರ್ಶನದಿಂದ ಈ ಪ್ರಶ್ನೆಯನ್ನು ಇಲ್ಲಿ ವಿಚಾರಿಸಬಹುದು.

ಮೊದಲನೆಯದು ಖಾಂಡವದ ಬೆಂಕಿ. ಮಹಾಭಾರತದ ಈ ಪ್ರಸಂಗವನ್ನು ಪಂಪನೂ ತನ್ನ 'ವಿಕ್ರಮಾರ್ಜುನವಿಜಯ'ದಲ್ಲಿ ತಂದಿದ್ದಾನೆ. ವ್ಯಾಸಭಾರತದ ಪ್ರಕಾರ ಕೃಷ್ಣಾರ್ಜುನರು ಕಾವಲು ನಿಂತು, ಓಡಿಬಂದ ಜೀವಿಗಳನ್ನು ತಡೆದು ಕೊಂದರು. ಉಳಿದವರು ಅಶ್ವಸೇನ, ಮಯ, ನಾಲ್ಕು ಶಾರ್ಙ್ಗಕ ಹಕ್ಕಿಗಳು, ಇಷ್ಟೇ. ಪಂಪನನ್ನು ಓದುವಾಗ ನಾವು ಸಾಮಾನ್ಯವಾಗಿ ನಾಯಕನ ಪರಾಕ್ರಮವನ್ನೂ ವರ್ಣನೆಯ ಬೆಡಗನ್ನೂ ಮೆಚ್ಚಿ ಮುಂದೆ ಸಾಗುತ್ತೇವೆ. ಇರಾವತಿ ಕರ್ವೆಯವರು 'ಯುಗಾಂತ'ದಲ್ಲಿ (1967) ಹಾಗೆ ಮುಂದೆ ಸಾಗದೆ, ಹೊಸ ನೆಲಕ್ಕಾಗಿ ನಡೆದ ಸಂಹಾರವನ್ನು ಅದರಲ್ಲಿ ಗುರುತಿಸಿದರು. ಕಾಡನ್ನು ಬರಿದಾದ ನೆಲವೆಂದು ಬಗೆದರೆ ಮಾತ್ರ ಖಾಂಡವದಹನವು ವೀರಕೃತ್ಯವಾಗಬಲ್ಲದು. ಅಲ್ಲಿ ಮೊದಲೇ ಒಂದು ಬಾಳು ಇತ್ತೆಂದು ಒಪ್ಪಿದೊಡನೆ ರಸವೇ ಬೇರೆಯಾಗುತ್ತದೆ.

ಎರಡನೆಯದು ಬಿಳಿಗಿರಿರಂಗನ ಬೆಟ್ಟದ ಸೋಲಿಗರ ತರಗುಬೆಂಕಿ. ಬೇಸಗೆ ಬಲಿಯುವ ಮುನ್ನ, ಹುಲ್ಲು ಪೂರ್ತಿ ಒಣಗದಿರುವಾಗ, ನೆಲದ ತರಗೆಲೆಗೆ ಇಡುವ ತಗ್ಗು ಉರಿ ಅದು. ಅದರಿಂದ ಕಳೆ ಅಡಗುತ್ತದೆ, ಹೊಸ ಹುಲ್ಲು ಚಿಗುರುತ್ತದೆ, ದೊಡ್ಡ ಮರಗಳು ಉಳಿಯುತ್ತವೆ ಎಂಬುದು ಅವರ ಅನುಭವ. 1974ರಲ್ಲಿ ಅಲ್ಲಿ ವನ್ಯಜೀವಿಧಾಮವಾದ ಮೇಲೆ ಈ ಪದ್ಧತಿ ನಿಂತುಹೋಯಿತು. ಅನಂತರ ಲಂಟಾನ ಕಾಡನ್ನು ಮುತ್ತಿತು. ನೆಲ್ಲಿಮರಗಳಿಗೆ ಬಂದಳಿಕೆ ಹತ್ತಿತು. ಇವೆರಡಕ್ಕೂ ಬೆಂಕಿ ನಿಂತದ್ದೊಂದೇ ಕಾರಣವೆನ್ನುವುದು ಅವಸರದ ಮಾತಾದೀತು. ಆದರೂ ಸೋಲಿಗರು ಅದನ್ನು ಮುಖ್ಯ ಕಾರಣವೆಂದು ಹೇಳುತ್ತ ಬಂದಿದ್ದಾರೆ. ಅವರ ಮಾತನ್ನು ಪರಿಸರ ಸಂಶೋಧಕರೂ ಗಂಭೀರವಾಗಿ ಪರಿಶೀಲಿಸಿದ್ದಾರೆ. ಕಾಡು ಸುಡುವುದು ಒಂದು ಬೆಂಕಿ, ಕಾಡು ಕಾಯುವುದು ಇನ್ನೊಂದು. ಎರಡನ್ನೂ ಒಂದೇ ಅಪರಾಧವೆಂದು ಎಣಿಸಿದ ನಿಯಮಕ್ಕೆ ಈ ವಿವೇಕವಿರಲಿಲ್ಲ.

ಈ ವಿವೇಕದ ಆಧಾರ ಎಲ್ಲಿದೆ? ಸೋಲಿಗರ ಪ್ರತಿಯೊಂದು ಕುಲಕ್ಕೂ ತನ್ನದೇ ಆದ 'ಯೆಲ್ಲೆ'ಯುಂಟು. ಅದರೊಳಗೆ ದೇವರ ನೆಲೆ, ಮಾರಮ್ಮನ ನೆಲೆ, ಪೂರ್ವಿಕರ ಕಲ್ಲುಗುಡಿ, ನೀರಿನ ಅಬ್ಬಿ ಮೊದಲಾದ ಪವಿತ್ರ ಸ್ಥಾನಗಳುಂಟು. ಭಾರ್ಗವಿ ಹೊಳೆಯ ದಡದ ದೊಡ್ಡ ಸಂಪಿಗೆ ನೂರಾರು ವರ್ಷಗಳಿಂದ ಪೂಜೆ ಪಡೆದ ಮರ. ಸೋಲಿಗರ ಕನ್ಯೆ ಕುಸುಮಾಲೆಯನ್ನು ವರಿಸಿದ್ದರಿಂದ ರಂಗನಾಥನು ಅವರಿಗೆ ಭಾವ. ಇವನ್ನೆಲ್ಲ 'ಜಾನಪದ ಸಾಮಗ್ರಿ' ಎಂದು ಸಂಗ್ರಹಿಸಿ ಕಪಾಟಿನಲ್ಲಿಟ್ಟರೆ ನಮ್ಮ ಕೆಲಸ ಅರ್ಧಕ್ಕೆ ನಿಂತಂತೆ.

ಏಕೆಂದರೆ ಅರಣ್ಯಹಕ್ಕು ಕಾಯಿದೆ (2006) ಮತ್ತು ಅದರ ನಿಯಮಗಳು ಹಿರಿಯರ ಹೇಳಿಕೆಯನ್ನೂ ಪವಿತ್ರ ವೃಕ್ಷ, ಬನ, ಹೂಳುವ ನೆಲಗಳನ್ನೂ ಸಾಕ್ಷ್ಯವೆಂದು ಅಂಗೀಕರಿಸಿವೆ. 2011ರಲ್ಲಿ ಆ ಬೆಟ್ಟ ಹುಲಿಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯದ ಅರಣ್ಯಹಕ್ಕೂ ದೊರೆಯಿತು. ಹುಲಿಸಂರಕ್ಷಿತ ಪ್ರದೇಶವೊಂದರಲ್ಲಿ ಇಂಥ ಮನ್ನಣೆ ದೇಶದಲ್ಲಿಯೇ ಮೊದಲನೆಯದು. ದಸ್ತಾವೇಜಿಲ್ಲದೆ ಹಕ್ಕಿಲ್ಲವೆಂಬುದು ಬ್ಯಾಂಕಿನ ಮೇಜಿನಲ್ಲಿ ದಿನವೂ ಕೇಳುವ ಮಾತು. ಇಲ್ಲಿ ಹಿರಿಯರ ಬಾಯಿಮಾತೇ ದಸ್ತಾವೇಜಿಗೆ ಸಮವಾಯಿತು.

ಗೋರೆಗಾಂವಿನ ಕನ್ನಡಿಗರಿಗೆ ಇದು ದೂರದ ಸುದ್ದಿಯಲ್ಲ. 1949ರಲ್ಲಿ ಹಾಲಿನ ಕಾಲನಿಯಾದ ಆರೇಯಲ್ಲಿ ವಾರ್ಲಿ ಮೊದಲಾದವರ ಪಾಡಾಗಳಿವೆ. ಚಿರತೆಯೊಡನೆ ಬದುಕಿ ವಾಘೋಬನನ್ನು ಪೂಜಿಸುವವರು ಅವರು. 2019ರ ಅಕ್ಟೋಬರಿನಲ್ಲಿ ಮೆಟ್ರೋ ಕಾರ್‌ಶೆಡ್ಡಿಗಾಗಿ ಅಲ್ಲಿ ಎರಡು ಸಾವಿರಕ್ಕೂ ಮಿಕ್ಕಿ ಮರಗಳು ಉರುಳಿದವು. ಆರೇ ದೊಡ್ಡ ಸಂಪಿಗೆಯಂಥ ಪುರಾತನ ಕಾಡಲ್ಲ, ನಿಜ. ಆದರೆ ಕಾಡಿನ ವಿಷಯದಲ್ಲಿ ಯಾರ ಮಾತು ಮೊದಲು ಎಂಬ ಪ್ರಶ್ನೆ ಒಂದೇ. ಮೆಟ್ರೋದ ಸೌಕರ್ಯ ನಮಗೂ ಬೇಕಾಗಿರುವುದರಿಂದಲೇ ಈ ಪ್ರಶ್ನೆಗೆ ಉತ್ತರಿಸುವ ಹೊಣೆ ನಮಗೂ ಉಂಟು.

ಶಿವರಾಮ ಕಾರಂತರು 'ಕುಡಿಯರ ಕೂಸು' (1951) ಕಾದಂಬರಿಯಲ್ಲಿ ಮಲೆಕುಡಿಯರ ಬಾಳನ್ನು ಕಥೆಯ ಕೇಂದ್ರಕ್ಕೆ ತಂದರು. ಮುಂದಿನ ಹೆಜ್ಜೆ ಸಂಶೋಧಕರದು. ಸೋಲಿಗರ ಹಾಡನ್ನು ಅಚ್ಚುಮಾಡುವಾಗ ಹಾಡಿದವರು ಒಪ್ಪಿದರೆ ಅವರ ಹೆಸರನ್ನೂ, ಹಾಡಿನಲ್ಲಿ ಬರುವ ಹಳ್ಳ, ಬಂಡೆ, ಮರಗಳ ಸ್ಥಳನಾಮಗಳನ್ನೂ ಬಿಡದೆ ದಾಖಲಿಸಬೇಕು. ಗುಟ್ಟಾಗಿಡಬೇಕೆಂದು ಅವರು ಹೇಳಿದ್ದನ್ನು ಪ್ರಕಟಿಸಕೂಡದು. ಒಂದು ಪ್ರತಿ ಅವರ ಗ್ರಾಮಸಭೆಗೆ ತಲುಪಬೇಕು. ಕಾಡನ್ನು ಹೇಗೆ ಕಾಯಬೇಕೆಂದು ಅವರಿಗೆ ಬೋಧಿಸುವ ಅಧಿಕಾರ ನಮಗಿಲ್ಲ. ಅವರ ಮಾತು ಸಾಕ್ಷ್ಯವಾಗಿ ನಿಲ್ಲುವಂತೆ ಶುದ್ಧವಾಗಿ ಬರೆದಿಡುವುದು ಮಾತ್ರ ನಮ್ಮಿಂದ ಆಗಬಹುದಾದ, ಆಗಲೇಬೇಕಾದ ಸೇವೆ.